ಫೋನ್ ಕೆಳಗಿಟ್ಟ ಮೇಲೆ ರಾತ್ರಿ ಎಂಟರಿಂದ ಹತ್ತರವರೆಗೆ ಏನು ಮಾಡುತ್ತೀರಿ?

ವಿಜಯನಗರದ ಅಮ್ಮ:

ಹನ್ನೊಂದು ದಿನದ ಹಿಂದೆ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎರಡನ್ನೂ ಫೋನಿನಿಂದ ತೆಗೆದೆ. ಯಾರೂ ಹೇಳಿರಲಿಲ್ಲ. ಒಂದು ರಾತ್ರಿ ಒಲೆ ಮೇಲೆ ಹಾಲಿಟ್ಟು ರೀಲ್ಸ್ ನೋಡುತ್ತಾ ನಿಂತಿದ್ದೆ. ಹಾಲು ಉಕ್ಕಿ, ಚೆಲ್ಲಿ, ಒಲೆ ಆರಿ, ಗ್ಯಾಸ್ ವಾಸನೆ ಮೂಗಿಗೆ ಬಡಿದ ಮೇಲೆ ಗೊತ್ತಾಯಿತು. ನಾನು ಒಲೆಯ ಎದುರಿಗೇ ಇದ್ದೆ! ಅವತ್ತೇ ತೆಗೆದೆ.

ತೊಂದರೆ ಶುರುವಾಗಿದ್ದು ಆಮೇಲೆ. ಹಗಲು ಹೇಗೋ ಕಳೆಯುತ್ತದೆ, ಆಫೀಸು, ಅಡುಗೆ, ಮಗಳ ಹೋಮ್‌ವರ್ಕ್. ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ಎಂಟರಿಂದ ಹತ್ತರವರೆಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ. ಕೈ ತಾನಾಗಿಯೇ ಫೋನಿಗೆ ಹೋಗುತ್ತದೆ. ನಿನ್ನೆ ಹವಾಮಾನದ ಆಪ್ ತೆಗೆದು ಮುಂದಿನ ಹತ್ತು ದಿನ ಮಳೆ ಇದೆಯಾ ಅಂತ ನೋಡುತ್ತಾ ಕೂತಿದ್ದೆ. ಮೊನ್ನೆ ಬ್ಯಾಂಕಿನ ಆಪ್. ತಿಂಗಳ ಕೊನೆಯಲ್ಲಿ ಅದರಲ್ಲಿ ನೋಡುವಂಥದ್ದು ಏನಿರುತ್ತೆ ಹೇಳಿ. ಪುಸ್ತಕ ಹಿಡಿದರೆ ಆರನೇ ಪುಟಕ್ಕೆ ನಿದ್ದೆ.

ಯೋಗ ಮಾಡಿ, ಧ್ಯಾನ ಮಾಡಿ, ಡೈರಿ ಬರೆಯಿರಿ ಅಂತ ದಯವಿಟ್ಟು ಹೇಳಬೇಡಿ. ನೀವೇ ಮಾಡಿ ನೋಡಿದ್ದು, ಆರು ತಿಂಗಳಾದರೂ ಬಿಡದೇ ಇರುವುದು ಏನಾದರೂ ಇದ್ದರೆ ಹೇಳಿ. ಜಾಸ್ತಿ ಖರ್ಚಾಗಬಾರದು. ಬಾಡಿಗೆ ಮನೆ, ಕೆಳಗೆ ಓನರ್ ಇದ್ದಾರೆ, ಹಾಗಾಗಿ ಕುಣಿಯುವುದು ಬಡಿಯುವುದು ಆಗುವುದಿಲ್ಲ. ಮಗಳಿಗೆ ಒಂಬತ್ತು ವರ್ಷ. ಅವಳೂ ಸೇರುವಂಥದ್ದಾದರೆ ಒಳ್ಳೆಯದು, ಯಾಕೆಂದರೆ ನಾನು ಫೋನ್ ಬಿಟ್ಟೆ ಅಂತ ಅವಳಿಗೆ ಖುಷಿಯಾಗಿ ನನ್ನ ಫೋನನ್ನು ಅವಳು ಹಿಡಿದಿದ್ದಾಳೆ.

ಪುತ್ತೂರು ಮಾಣಿ:

ಚೌಕಾಬಾರ ಆಡಿ ಅಕ್ಕ. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಹೆಚ್ಚುಕಮ್ಮಿ ದಿನಾ ನಡೆಯುತ್ತಿದೆ.

ನಾನು ಕರಾವಳಿಯವನು, ಚಿಕ್ಕವನಿದ್ದಾಗ ಚೆನ್ನೆಮಣೆ ಆಡಿ ಗೊತ್ತು. ನಿಮ್ಮ ಕಡೆ ಅಳಗುಳಿ ಮಣೆ ಅನ್ನುತ್ತಾರಲ್ಲ, ಅದೇ. ಎರಡು ಸಾಲು, ಸಾಲಿಗೆ ಏಳು ಗುಳಿ. ನಮ್ಮಲ್ಲಿ ಅದನ್ನು ಅಟ್ಟದಿಂದ ಇಳಿಸುತ್ತಿದ್ದದ್ದು ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ. ಹೊರಗೆ ಜಡಿಮಳೆ, ಗದ್ದೆ ಕೆಲಸ ಮುಗಿದಿರುತ್ತದೆ, ಕೂತು ಆಡುವುದೇ ಕೆಲಸ. ಅಕ್ಕ ತಂಗಿ ಎದುರುಬದುರು ಕೂತು ಆಡಬಾರದು ಅಂತ ಅಜ್ಜಿ ಬೈಯುತ್ತಿದ್ದರು. ಸಿರಿ ಪಾಡ್ದನ ಅಂತ ತುಳುವಿನ ಜನಪದ ಹಾಡುಗತೆ ಇದೆ, ಅದರಲ್ಲಿ ಅಬ್ಬಗ ದಾರಗ ಅನ್ನುವ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತಾ ಜಗಳವಾಗಿ, ಮಣೆ ಎತ್ತಿ ತಲೆಗೆ ಹೊಡೆದು ಸಾವಾಗುತ್ತದೆ. ಆಟ ಅಂದರೆ ಅಷ್ಟು ಸೀರಿಯಸ್ಸು ನಮ್ಮವರಿಗೆ.

ಆದರೆ ಮರದ ಮಣೆ ಈಗ ದುಬಾರಿ. ಚೌಕಾಬಾರಕ್ಕೆ ಸೀಮೆಸುಣ್ಣ ಸಾಕು. ನನ್ನ ಹೆಂಡತಿ ಮಂಡ್ಯದವಳು, ಅವಳು ಕಲಿಸಿದ್ದು. ನೆಲದ ಮೇಲೆ ಐದಕ್ಕೆ ಐದು, ಒಟ್ಟು 25 ಮನೆ ಬರೆಯಿರಿ. ನಾಲ್ಕೂ ಬದಿಯ ನಡು ಮನೆಗೆ ಮತ್ತೆ ಮಧ್ಯದ ಮನೆಗೆ ಅಡ್ಡಗೆರೆ ಎಳೆಯಿರಿ. ಅದು ಕಟ್ಟೆ, ಅಲ್ಲಿ ಕೂತ ಕಾಯನ್ನು ಯಾರೂ ಹೊಡೆಯುವ ಹಾಗಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಬಳೆ ಚೂರು, ಹುರುಳಿಕಾಳು, ಶರ್ಟಿನ ಗುಂಡಿ, ಏನಾದರೂ ಆಗುತ್ತದೆ. ನಾಲ್ಕು ಕವಡೆ ಎಸೆದರೆ ಎಷ್ಟು ಬಾಯಿ ಮೇಲೆ ಬಿತ್ತೋ ಅಷ್ಟು ಮನೆ ನಡೆಸುವುದು. ನಾಲ್ಕೂ ಬಾಯಿ ಮೇಲೆ ಬಂದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಇವೆರಡಕ್ಕೂ ಇನ್ನೊಂದು ಸಲ ಎಸೆಯಬಹುದು. ಹೊರಸುತ್ತು ಗಡಿಯಾರಕ್ಕೆ ಉಲ್ಟಾ. ಒಳಸುತ್ತಿಗೆ ಬಂದ ಮೇಲೆ ಗಡಿಯಾರದ ದಿಕ್ಕು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಗೆ ಹೋಗುವಂತಿಲ್ಲ. ಮಧ್ಯದ ಮನೆ ಸೇರಿದರೆ ಕಾಯಿ ಹಣ್ಣಾಯಿತು.

ಮಜಾ ಇರುವುದು ಆ 'ಹೊಡೆಯದೆ ಒಳಗಿಲ್ಲ' ಅನ್ನುವುದರಲ್ಲಿ. ಎಷ್ಟೇ ಸಾಧುಪ್ರಾಣಿಯಾದರೂ ಒಬ್ಬರನ್ನು ಹೊಡೆಯಲೇಬೇಕು. ನನ್ನ ಹೆಂಡತಿ ನನ್ನ ಕಾಯಿ ಹೊಡೆಯುವಾಗ ಅವಳ ಮುಖ ನೋಡಬೇಕು ನೀವು.

ಇದರಲ್ಲಿ ಫೋನ್ ಯಾಕೆ ನೆನಪಾಗುವುದಿಲ್ಲ ಅಂದರೆ ಎದುರಿಗೆ ಒಬ್ಬರು "ಎಸಿ, ಬೇಗ ಎಸಿ" ಅಂತ ಕಾಯುತ್ತಾ ಕೂತಿರುತ್ತಾರೆ. ಪುಸ್ತಕ ಹಾಗೆ ಕಾಯುವುದಿಲ್ಲವಲ್ಲ.

ಕುಕ್ಕರಹಳ್ಳಿ ವಾಕರ್:

ನಾನು ಮೈಸೂರಿನವನು. ಹಕ್ಕಿ ನೋಡುವುದು ಶುರು ಮಾಡಿ ನಾಲ್ಕು ವರ್ಷವಾಯಿತು. ಕುಕ್ಕರಹಳ್ಳಿ ಕೆರೆಗೆ ಬೆಳಿಗ್ಗೆ ಆರಕ್ಕೆ ಹೋಗುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ ಅದು. ಅದೇ ಮುಮ್ಮಡಿಯವರಿಗೆ ಪುತ್ತೂರಿನವರು ಹೇಳಿದಂಥ ಮಣೆ ಆಟಗಳ ಹುಚ್ಚೂ ಇತ್ತು, ಜಗನ್ಮೋಹನ ಅರಮನೆಗೆ ಹೋದರೆ ಗೋಡೆ ಮೇಲೆ ಆಟದ ಚಿತ್ರಗಳನ್ನೇ ಬರೆಸಿದ್ದಾರೆ. ಇರಲಿ, ಹಕ್ಕಿಗೆ ಬರುತ್ತೇನೆ.

ಮೊದಲ ವಾರ ನನಗೆ ಕಂಡಿದ್ದು ಕಾಗೆ, ಕೊಕ್ಕರೆ, 'ಇನ್ನೊಂದು ಥರ ಕೊಕ್ಕರೆ', ಅಷ್ಟೇ. ಆಮೇಲೆ ಒಂದು ದಿನ ನೀರಿನಿಂದ ಹಾವೊಂದು ತಲೆ ಎತ್ತಿದ ಹಾಗೆ ಕಂಡಿತು. ಹೆದರಿ ಪಕ್ಕದವರನ್ನು ಕೇಳಿದೆ. ಅದು ಹಾವಲ್ಲ, ಹಾವಕ್ಕಿ. ಮೈಯೆಲ್ಲ ನೀರೊಳಗೆ ಮುಳುಗಿಸಿ ಕತ್ತು ಮಾತ್ರ ಹೊರಗಿಟ್ಟು ಈಜುತ್ತದೆ. ಬಾತುಕೋಳಿಯ ರೆಕ್ಕೆ ನೀರನ್ನು ತಡೆಯುತ್ತದೆ, ಇದರದು ತಡೆಯುವುದಿಲ್ಲ, ನೆಂದುಹೋಗುತ್ತದೆ. ಹಾಗಾಗಿ ಮೀನು ಹಿಡಿದಾದ ಮೇಲೆ ಕೊಂಬೆಯ ಮೇಲೆ ಕೂತು ಎರಡೂ ರೆಕ್ಕೆ ಬಿಚ್ಚಿ ಒಣಗಿಸುತ್ತದೆ, ನಾವು ಟವೆಲ್ ಹರವಿದ ಹಾಗೆ. ಅಷ್ಟು ವರ್ಷ ಅದೇ ಕೆರೆ ಸುತ್ತಿದ್ದೆ, ಒಂದು ದಿನವೂ ನೋಡಿರಲಿಲ್ಲ. ಇಯರ್‌ಫೋನ್ ಹಾಕಿ ನೆಲ ನೋಡಿಕೊಂಡು ನಡೆಯುತ್ತಿದ್ದೆ.

ಈಗ ಹೆಜ್ಜಾರ್ಲೆ (ಪೆಲಿಕನ್), ನೀರುಕಾಗೆ, ಮಿಂಚುಳ್ಳಿ, ಕೆಂಬೂತ ಎಲ್ಲ ದೂರದಿಂದಲೇ ಗುರುತಾಗುತ್ತವೆ. ಬೇಸಿಗೆ ಶುರುವಾಗುವಾಗ ನಸುಕಿನಲ್ಲಿ ಮಡಿವಾಳ ಹಕ್ಕಿ ಹಾಡುತ್ತದೆ, ಅದನ್ನು ಕೇಳಲು ಅಲಾರಂ ಇಡುತ್ತೇನೆ. ಬೈನಾಕ್ಯುಲರ್ ಮೊದಲೇ ಕೊಳ್ಳಬೇಡಿ. ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್. ಬೆಂಗಳೂರಿನಲ್ಲಾದರೆ ಲಾಲ್‌ಬಾಗ್ ಕೆರೆ ಇದೆಯಲ್ಲ, ಅಲ್ಲಿಂದ ಶುರು ಮಾಡಿ.

ಗಿಟಾರ್ ಮಾರಾಟಕ್ಕಿದೆ:

ಸಾರ್, ಅವರು ಕೇಳಿದ್ದು ರಾತ್ರಿ ಎಂಟು ಗಂಟೆಗೆ. ನೀವು ಉತ್ತರ ಕೊಟ್ಟಿದ್ದು ಬೆಳಿಗ್ಗೆ ಆರಕ್ಕೆ.

ಕುಕ್ಕರಹಳ್ಳಿ ವಾಕರ್:

ಹೌದು, ಗೊತ್ತಿದ್ದೇ ಹೇಳಿದ್ದು. ನನಗೆ ರಾತ್ರಿಯ ಫೋನ್ ಬಿಟ್ಟಿದ್ದು ಹಾಗೇ. ಬೆಳಿಗ್ಗೆ ಐದೂವರೆಗೆ ಏಳುವವನು ರಾತ್ರಿ ಒಂಬತ್ತೂವರೆಗೆ ಕಣ್ಣು ಮುಚ್ಚುತ್ತಾನೆ, ಅದಕ್ಕೆ ಬೇರೆ ಮನೋಬಲ ಬೇಕಾಗಿಲ್ಲ. ಬೆಳಿಗ್ಗೆ ಏಳಲು ಏನೂ ಕಾರಣ ಇಲ್ಲದಿದ್ದಾಗ ರಾತ್ರಿ ಎಳೆದುಕೊಂಡು ಹೋಗುತ್ತದೆ ಅಷ್ಟೇ.

ಕೌದಿ ಅಕ್ಕ, ಧಾರವಾಡ:

ತಂಗಿ, ನಿನಗೆ ಕೈಗೆ ಕೆಲಸ ಬೇಕು. ಕಣ್ಣಿಗಲ್ಲ. ನೀನೇ ಬರೆದಿದ್ದೀಯಲ್ಲ, ಕೈ ತಾನಾಗಿಯೇ ಹೋಗುತ್ತದೆ ಅಂತ.

ನಾನು ಕೌದಿ ಹೊಲಿಯುತ್ತೇನೆ, ಹಳೆಯ ಬಟ್ಟೆಯ ಹೊದಿಕೆ. ನಮ್ಮವ್ವ ಹೊಲಿಯುತ್ತಿದ್ದಳು, ನಾನು ಕಲಿಯಲಿಲ್ಲ. ಕಾಲೇಜಿಗೆ ಹೋದವಳಿಗೆ ಅದು ಹಳ್ಳಿ ಕೆಲಸ ಅನ್ನಿಸಿತ್ತು. ಅವ್ವ ಹೋದ ಮೇಲೆ ಟ್ರಂಕಿನಲ್ಲಿ ಅವಳ ಸೀರೆಗಳು ಉಳಿದಿದ್ದವು. ಉಡಲು ಆಗುವುದಿಲ್ಲ, ಅಲ್ಲಲ್ಲಿ ಪಿಸಿದಿವೆ. ಯಾರಿಗೋ ಕೊಡಲು ಮನಸ್ಸಿಲ್ಲ. ಆಗ ಓಣಿಯ ಒಬ್ಬ ಹಿರಿಯ ಅಜ್ಜಿಯನ್ನು ಹಿಡಿದು ಕಲಿತೆ. ಆಗ ನನಗೆ ಐವತ್ತೊಂದು.

ಕಷ್ಟವೇನಿಲ್ಲ. ಹಳೆಯ ನೂಲಿನ ಸೀರೆ, ಧೋತರ, ಬೆಡ್‌ಶೀಟು ತಗೋ. ಪಾಲಿಸ್ಟರ್ ಬೇಡ, ಜಾರುತ್ತದೆ, ಸೂಜಿ ಹಟ ಮಾಡುತ್ತದೆ. ಚೆನ್ನಾಗಿ ಒಗೆದು ಒಣಗಿಸಿ, ಒಂದು ಸೀರೆ ಕೆಳಗೆ ಹಾಸಿ, ಅದರ ಮೇಲೆ ಎರಡು ಮೂರು ಪದರ ಹರಡಿ, ಮೇಲ್ಗಡೆ ಬಣ್ಣಬಣ್ಣದ ತುಂಡು ಜೋಡಿಸು. ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸೂಜಿ ಓಡಿಸುತ್ತಾ ಸುತ್ತು ಬಾ, ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು, ಹಾಗೇ ನಡುವಿಗೆ ಬಂದು ಮುಟ್ಟುವವರೆಗೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕವಂದಿ ಅಂತ ಹೊಲಿಯುತ್ತಾರೆ, ಅದೂ ಹೀಗೆಯೇ ಅಂಚಿನಿಂದ ಒಳಕ್ಕೆ. ಅವರು ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ. ಅದಿಲ್ಲದಿದ್ದರೆ ಕವಂದಿ ಬರಿಮೈಯಲ್ಲಿದ್ದ ಹಾಗೆ ಅಂತೆ. ಎಷ್ಟು ಛಲೋ ಮಾತು ನೋಡು.

ಸೂಜಿ ಹಿಡಿದ ಕೈ ಫೋನ್ ಹಿಡಿಯುವುದಿಲ್ಲ, ಹಿಡಿದರೆ ಚುಚ್ಚುತ್ತದೆ. ಆದರೆ ಕಿವಿ ಬಾಯಿ ಎರಡೂ ಖಾಲಿ ಇರುತ್ತವೆ. ರೇಡಿಯೋ ಕೇಳಬಹುದು, ಮಗಳ ಹತ್ತಿರ ಮಾತಾಡಬಹುದು. ಮೊದಲನೆಯದು ದೊಡ್ಡದು ಹೊಲಿಯಲು ಹೋಗಬೇಡ, ಅರ್ಧಕ್ಕೆ ಬಿಡುತ್ತೀ. ಮಗಳ ಹಳೆಯ ಫ್ರಾಕುಗಳಲ್ಲಿ ಒಂದು ದಿಂಬಿನ ಕವರಿನಷ್ಟು ಮಾಡು. ಒಂದೊಂದು ತುಂಡು ನೋಡಿದಾಗಲೂ ಇದು ಯಾವ ಹಬ್ಬದ್ದು, ಇದನ್ನು ಹಾಕಿಕೊಂಡು ಎಲ್ಲಿ ಬಿದ್ದಿದ್ದೆ ಅಂತ ಅವಳೇ ಶುರು ಮಾಡುತ್ತಾಳೆ.

ನನ್ನ ಮೊದಲ ಕೌದಿಯ ಸಾಲುಗಳು ಕುಡಿದವರು ನಡೆದ ಹಾಗೆ ಇವೆ. ಅದನ್ನೇ ಹೊದ್ದು ಮಲಗುತ್ತೇನೆ.

ಗಿಟಾರ್ ಮಾರಾಟಕ್ಕಿದೆ:

ಮೇಡಂ, ಎಲ್ಲರೂ ಏನು ಮಾಡಬೇಕು ಅಂತ ಹೇಳಿದ್ದಾರೆ, ನಾನು ಏನು ಮಾಡಬಾರದು ಅಂತ ಹೇಳುತ್ತೇನೆ. ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ಸೋಷಿಯಲ್ ಮೀಡಿಯಾ ಬಿಟ್ಟ ಖುಷಿಯಲ್ಲಿ ನಾನು 8000 ರೂಪಾಯಿ ಕೊಟ್ಟು ಗಿಟಾರ್ ತಂದೆ. ಒಂಬತ್ತು ದಿನ ಬಾರಿಸಿದೆ. ಬೆರಳ ತುದಿ ಬೊಬ್ಬೆ ಬಂತು, ಪಕ್ಕದ ಮನೆಯವರಿಂದ ಮಾತೂ ಬಂತು. ಈಗ ಅದರ ಕತ್ತಿಗೆ ಹೆಲ್ಮೆಟ್ ನೇತು ಹಾಕುತ್ತೇನೆ. ಆಮೇಲೆ ಜಲವರ್ಣ. ಆಮೇಲೆ ಕುಂಡದಲ್ಲಿ ಟೊಮೆಟೊ. ಕೊಳ್ಳುವುದೇ ಒಂದು ಹವ್ಯಾಸ ಆಗಿಬಿಡುತ್ತದೆ, ಅದಕ್ಕೂ ರೀಲ್ಸಿಗೂ ಜಾಸ್ತಿ ವ್ಯತ್ಯಾಸ ಇಲ್ಲ.

ಇನ್ನೊಂದು, ಮನೆಯೊಳಗೇ ಕೂತರೆ ನನಗಂತೂ ಆಗಲಿಲ್ಲ. ಎದ್ದು ಹೊರಗೆ ಹೋದ ಮೇಲೆ ಸರಿಹೋಯಿತು. ನೀವು ವಿಜಯನಗರ ಅಂದಿರಿ. ಹಂಪಿನಗರದ ಗ್ರಂಥಾಲಯ ನಿಮಗೆ ಹತ್ತಿರ. ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. 1945ರಿಂದ ಇರುವ ಸಂಸ್ಥೆ, ಸಂಜೆ ಸಂಗೀತ, ಉಪನ್ಯಾಸ ಏನಾದರೂ ಇರುತ್ತದೆ. ಯಾವ ವಿಷಯ ಅಂತ ನೋಡದೆ ಹೋಗಿ ಕೂತುಬಿಡುತ್ತೇನೆ ನಾನು. ಒಮ್ಮೆ ಶಾಸನಗಳ ಬಗ್ಗೆ, ಒಮ್ಮೆ ಜೇನುಹುಳದ ಬಗ್ಗೆ. ಅರ್ಧ ಅರ್ಥವಾಗುವುದಿಲ್ಲ. ಆಮೇಲೆ ಗಾಂಧಿ ಬಜಾರಿನಲ್ಲಿ ದೋಸೆ.

ತಿಂಗಳಿಗೆ ಒಂದು ಸಲ ರಂಗಶಂಕರದಲ್ಲಿ ನಾಟಕ. ಏಳೂವರೆ ಅಂದರೆ ಏಳೂವರೆಗೆ ಬಾಗಿಲು ಹಾಕುತ್ತಾರೆ, ಟ್ರಾಫಿಕ್ಕು ಅಂದರೆ ಕೇಳುವುದಿಲ್ಲ. ಒಂದು ಸಲ ನಾಲ್ಕು ನಿಮಿಷ ತಡವಾಗಿ ಹೊರಗೇ ಉಳಿದೆ. ಅವತ್ತು ಸಿಟ್ಟು ಬಂತು. ಈಗ ಅದೇ ಇಷ್ಟ. ಒಳಗೆ ಫೋನ್ ಆಫ್, ನನಗೆ ಆಯ್ಕೆಯೇ ಇಲ್ಲ.

ವಿಜಯನಗರದ ಅಮ್ಮ:

ಮೂರು ವಾರವಾಯಿತು, ಹೇಳಿ ಹೋಗೋಣ ಅಂತ ಬಂದೆ.

ಚೌಕಾಬಾರ ಹಿಡಿಯಿತು. ಕವಡೆ ಇರಲಿಲ್ಲ. ನಮ್ಮತ್ತೆಗೆ ಫೋನ್ ಮಾಡಿ ಕೇಳಿದರೆ "ಕವಡೆ ಯಾಕೆ, ಹುಣಸೆಬೀಜ ಉಜ್ಜು" ಅಂದರು. ನಾಲ್ಕು ಬೀಜ ತಗೊಂಡು ಒಂದು ಬದಿಯನ್ನು ಒರಳುಕಲ್ಲಿನ ಮೇಲೆ ಬೆಳ್ಳಗಾಗುವವರೆಗೆ ಉಜ್ಜಿದೆವು. ಬಿಳಿ ಬದಿ ಮೇಲೆ ಬಿದ್ದರೆ ಬಾಯಿ ಅಂತ ಲೆಕ್ಕ. ಆ ಉಜ್ಜುವ ಕೆಲಸಕ್ಕೇ ಒಂದು ಸಂಜೆ ಹೋಯಿತು, ಬೆರಳೆಲ್ಲ ನೋವು, ಮಗಳಿಗೆ ಅದೇ ಖುಷಿ. ಅತ್ತೆ ಇಪ್ಪತ್ತು ನಿಮಿಷ ಮಾತಾಡಿದರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವರು ಚಿಕ್ಕವರಿದ್ದಾಗಿನ ಮಾತು ಒಂದೂ ನನ್ನ ಹತ್ತಿರ ಆಡಿರಲಿಲ್ಲ.

ಅಕ್ಕಾ, ಕೌದಿಗೆ ಫ್ರಾಕು ಕತ್ತರಿಸಿ ಇಟ್ಟಿದ್ದೇನೆ. ಇಟ್ಟಿದ್ದೇನೆ ಅಷ್ಟೇ, ಸೂಜಿ ಇನ್ನೂ ಮುಟ್ಟಿಲ್ಲ. ಲಾಲ್‌ಬಾಗಿಗೆ ಒಂದು ಭಾನುವಾರ ಹೋಗಿದ್ದೆವು. ಹಾವಕ್ಕಿ ಸಿಗಲಿಲ್ಲ. ಹೆಜ್ಜಾರ್ಲೆ ಕಂಡಿತು ಅಂತ ಮಗಳು ಹೇಳುತ್ತಾಳೆ, ನನಗೆ ಅದು ಕೊಕ್ಕರೆ ಅನ್ನಿಸಿತು. ನಾಟಕಕ್ಕೆ ಇನ್ನೂ ಧೈರ್ಯ ಇಲ್ಲ, ನಾವು ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಹೋದವರಲ್ಲ.

ಪೂರ್ತಿ ಬಿಟ್ಟೆ ಅಂತ ಸುಳ್ಳು ಹೇಳುವುದಿಲ್ಲ. ಹೋದ ಶುಕ್ರವಾರ ಬ್ರೌಸರಿನಲ್ಲಿ ಫೇಸ್‌ಬುಕ್ ತೆಗೆದು ಮುಕ್ಕಾಲು ಗಂಟೆ ಕೂತಿದ್ದೆ. ಅವತ್ತು ಗಂಡ, ಮಗಳು ಇಬ್ಬರೂ ಊರಿಗೆ ಹೋಗಿದ್ದರು, ಆಡಲು ಯಾರೂ ಇರಲಿಲ್ಲ.

ಪುತ್ತೂರಿನವರೇ, ಒಂದು ಡೌಟು. ಕಟ್ಟೆಯಲ್ಲಿ ನನ್ನ ಕಾಯಿ ಕೂತಿರುವಾಗ ಅವಳಿಗೆ ಬಾರ ಬಿದ್ದರೆ ಹೊಡೆಯಬಹುದಾ? ಬಾರಕ್ಕೆ ಮಾತ್ರ ನಡೆಯುತ್ತೆ ಅಂತ ಮಗಳು ಹಟ ಹಿಡಿದಿದ್ದಾಳೆ. ಅಜ್ಜಿ ಹೇಳಿದ್ದಾರಂತೆ.

ಪುತ್ತೂರು ಮಾಣಿ:

ಇಲ್ಲ ಅಕ್ಕ, ಬಾರ ಬಿದ್ದರೂ ಕಟ್ಟೆ ಕಟ್ಟೆಯೇ. ಅಜ್ಜಿಗೆ ಇನ್ನೊಂದು ಫೋನ್ ಮಾಡಿ ಕೇಳಿ.