ಟೊರೊಂಟೊಗೆ ಕಳಿಸಿದ ಬಾಕ್ಸ್‌ಗೆ ಅಲ್ಲಿ 133 ಡಾಲರ್ ಬಿಲ್: ಇದರಲ್ಲಿ ಸುಂಕ ಎಷ್ಟು, ಬ್ರೋಕರೇಜ್ ಎಷ್ಟು?

ಸರಸ್ವತಿಪುರಂ_ಮನೆ:

ಮೈಸೂರಿಂದ ಟೊರೊಂಟೊದಲ್ಲಿರುವ ಮಗಳಿಗೆ ಹಬ್ಬದ ಬಾಕ್ಸ್ ಕಳಿಸಿದ್ವಿ. ಒಳಗಿದ್ದದ್ದು ಒಂದು ಮೈಸೂರು ಸಿಲ್ಕ್ ಸೀರೆ, ಹೊಲಿಸಿದ ಎರಡು ರವಿಕೆ, ಊದುಬತ್ತಿ, ಮನೇಲಿ ಮಾಡಿದ ಸಾಂಬಾರ್ ಪುಡಿ, ಚಟ್ನಿಪುಡಿ. ತಕ್ಕಡಿಯಲ್ಲಿ 6 ಕೆ.ಜಿ. ಬಂತು, ಬುಕಿಂಗ್ ಏಜೆಂಟ್ 9.5 ಕೆ.ಜಿ.ಗೆ ದುಡ್ಡು ತಗೊಂಡರು. ‘ಎಲ್ಲಾ ಸೇರಿ, ಡೋರ್ ಡೆಲಿವರಿ’ ಅಂತಲೂ ಹೇಳಿದ್ದರು. ಆದರೂ ಅಲ್ಲಿ ಮಗಳ ಹತ್ತಿರ ಬಿಲ್ ಕಟ್ಟಿಸಿಕೊಂಡೇ ಬಾಕ್ಸ್ ಕೊಟ್ಟರು.

ಇನ್‌ವಾಯ್ಸ್ ಮೌಲ್ಯ 400 ಕೆನಡಾ ಡಾಲರ್. ಬಿಲ್ಲಿನಲ್ಲಿ ಇರೋದು ಹೀಗೆ: ಸುಂಕ 22, ಎಚ್‌ಎಸ್‌ಟಿ (ಅಲ್ಲಿನ ಮಾರಾಟ ತೆರಿಗೆ) 54.86, ಬ್ರೋಕರೇಜ್ 38, ಮುಂಗಡ ಪಾವತಿ ಶುಲ್ಕ 12, ಈ ಎರಡು ಶುಲ್ಕಗಳ ಮೇಲೆ ತೆರಿಗೆ 6.50. ಒಟ್ಟು 133.36. ಇದಿಷ್ಟೂ ಸರ್ಕಾರಕ್ಕೇ ಹೋಗುತ್ತಾ? ಮುಂದಿನ ಸಲ ತಪ್ಪಿಸೋಕೆ ದಾರಿ ಇದೆಯಾ? ಗೊತ್ತಿರೋರು ಬಿಡಿಸಿ ಹೇಳಿ.

ಇನ್‌ವಾಯ್ಸ್_ಮೇಜು:

ಮೇಡಂ, ನಿಮ್ಮ ಬಿಲ್ಲನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿ. ಸುಂಕ 22 ಮತ್ತು ಎಚ್‌ಎಸ್‌ಟಿ 54.86 ಸೇರಿ 76.86, ಇದು ಕೆನಡಾ ಸರ್ಕಾರದ್ದು. ಟೊರೊಂಟೊ ಇರೋ ಒಂಟಾರಿಯೊ ಪ್ರಾಂತ್ಯದಲ್ಲಿ ಎಚ್‌ಎಸ್‌ಟಿ ಶೇ. 13, ಅದನ್ನು ಮಾಲಿನ ಬೆಲೆ ಮತ್ತು ಸುಂಕ ಎರಡನ್ನೂ ಕೂಡಿಸಿದ ಮೊತ್ತದ ಮೇಲೆ ಹಾಕ್ತಾರೆ. 422ಕ್ಕೆ ಶೇ. 13 ಅಂದರೆ 54.86, ಲೆಕ್ಕ ಸರಿ ಇದೆ. ಉಳಿದ 56.50 ಕೊರಿಯರ್ ಕಂಪನಿಯ ಶುಲ್ಕ ಮತ್ತು ಆ ಶುಲ್ಕದ ಮೇಲಿನ ತೆರಿಗೆ. ನಿಮ್ಮ ಪರವಾಗಿ ಕಸ್ಟಮ್ಸ್‌ಗೆ ಕಾಗದ ಸಲ್ಲಿಸಿದ್ದಕ್ಕೆ ಬ್ರೋಕರೇಜ್, ನಿಮ್ಮ ತೆರಿಗೆಯನ್ನು ಅವರು ಮೊದಲೇ ಕಟ್ಟಿದ್ದಕ್ಕೆ ಮುಂಗಡ ಶುಲ್ಕ, ಈ ಸೇವೆಗಳ ಮೇಲೆ ಮತ್ತೆ ತೆರಿಗೆ. ಇದರ ದರ ನಿಗದಿ ಮಾಡೋದು ಕಂಪನಿ. ಅಲ್ಲಿನ ಕಸ್ಟಮ್ಸ್ ಇಲಾಖೆಗೆ, ಅಂದರೆ ಸಿಬಿಎಸ್‌ಎಗೆ, ದೂರು ಕೊಟ್ಟರೂ ‘ಅದು ನಿಮ್ಮ ಮತ್ತು ಕೊರಿಯರ್ ನಡುವಿನ ವಿಚಾರ’ ಅಂತಲೇ ಉತ್ತರ ಬರುತ್ತೆ.

ಸರ್ಕಾರದ ಭಾಗವೂ ಇನ್ನೂ ಇಳಿಯಬೇಕಿತ್ತು. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕಳಿಸೋ ಉಡುಗೊರೆಗೆ ಕೆನಡಾದಲ್ಲಿ 60 ಡಾಲರ್‌ವರೆಗೆ ವಿನಾಯಿತಿ ಇದೆ, ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನ ಮೊತ್ತಕ್ಕೆ ಮಾತ್ರ ತೆರಿಗೆ. ನಿಮ್ಮ ಬಿಲ್ಲಲ್ಲಿ ಪೂರ್ತಿ 400ಕ್ಕೂ ಹಾಕಿದ್ದಾರೆ. ಏರ್‌ವೇ ಬಿಲ್, ಅಂದರೆ ಕೊರಿಯರ್‌ನ ಸಾಗಣೆ ಕಾಗದ, ತೆಗೆದು ‘ಶಿಪ್ಪರ್’ (ಕಳಿಸೋರು) ಅನ್ನೋ ಜಾಗ ನೋಡಿ. ಅಲ್ಲಿ ನಿಮ್ಮ ಹೆಸರಿನ ಬದಲು ಏಜೆನ್ಸಿ ಹೆಸರಿದ್ದರೆ ಕಾರಣ ಸಿಕ್ಕ ಹಾಗೆ. ಸಂಸ್ಥೆಯ ಹೆಸರಲ್ಲಿ ಹೋದದ್ದು ಉಡುಗೊರೆ ಆಗೋದಿಲ್ಲ. ಸಣ್ಣ ಏಜೆಂಟರು ದೊಡ್ಡ ಕಂಪನಿಯಲ್ಲಿ ತಮ್ಮ ಖಾತೆಯಿಂದ ಬುಕ್ ಮಾಡಿದಾಗ ಇದು ತುಂಬಾ ಆಗುತ್ತೆ, ಕಳಿಸೋರಿಗೆ ಗೊತ್ತೇ ಆಗಲ್ಲ.

‘ಎಲ್ಲಾ ಸೇರಿ’ ಅನ್ನೋ ಮಾತಿಗೆ ಕಾಗದದ ಮೇಲೆ ಎರಡೇ ರೂಪ: ಡಿಎಪಿ ಅಥವಾ ಡಿಡಿಪಿ. ಡಿಎಪಿ ಅಂದರೆ ಬಾಗಿಲವರೆಗೆ ಸಾಗಣೆ ಮಾತ್ರ, ಸುಂಕ ಮತ್ತು ಬ್ರೋಕರೇಜ್ ಪಡೆಯೋರ ತಲೆ ಮೇಲೆ. ಡಿಡಿಪಿ ಅಂದರೆ ಅದೂ ಕಳಿಸೋರದ್ದೇ. ‘ಡೋರ್ ಡೆಲಿವರಿ’ ಅಂದದ್ದು ಸುಳ್ಳಲ್ಲ, ಆದರೆ ಅದು ಡಿಎಪಿ. ರಸೀದಿ ಮೇಲೆ ‘ಡಿಡಿಪಿ’ ಅಂತ ಬರೆಸದೆ ಬಾಯಿಮಾತು ನಂಬಬೇಡಿ.

9.5 ಕೆ.ಜಿ.ಗೆ ಬಾಕ್ಸಿನ ಗಾತ್ರ ಕಾರಣ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ರಿಂದ ಭಾಗಿಸ್ತಾರೆ. 45 × 35 × 30 ಅಳತೆಯ ಬಾಕ್ಸ್ ಆದರೆ 9.45 ಬರುತ್ತೆ, ಅದನ್ನು 9.5 ಮಾಡ್ತಾರೆ. ಎತ್ತರ 20ಕ್ಕೆ ಇಳಿಸಿದ್ದರೆ 6.3. ಸೀರೆ, ಪುಡಿ ಪ್ಯಾಕೆಟ್ ಇರೋ ಬಾಕ್ಸ್‌ನ ಮೇಲುಭಾಗ ಸಾಮಾನ್ಯವಾಗಿ ಖಾಲಿ ಇರುತ್ತೆ. ನಾಲ್ಕೂ ಮೂಲೆಯನ್ನು ಮಾಲಿನ ಮಟ್ಟಕ್ಕೆ ಸೀಳಿ ಮಡಚಿ ಟೇಪ್ ಹಾಕಿದರೆ ಸಾಕು.

ಅಂಚೆ_ಕೌಂಟರ್:

ಇಂಥ ಉಡುಗೊರೆ ಬಾಕ್ಸ್‌ಗೆ ಅಂಚೆಯೇ ವಾಸಿ ಅಂತ ನನ್ನ ಖಚಿತ ಅಭಿಪ್ರಾಯ. ಅಂಚೆಯಲ್ಲಿ ಹೋದದ್ದಕ್ಕೆ ಕೆನಡಾ ಪೋಸ್ಟ್ ತೆಗೆದುಕೊಳ್ಳೋದು 9.95 ಡಾಲರ್ ನಿರ್ವಹಣಾ ಶುಲ್ಕ, ಅದೂ ತೆರಿಗೆ ಬಿದ್ದರೆ ಮಾತ್ರ. ಮೇಡಂ ಬಾಕ್ಸನ್ನೇ ತಗೊಳ್ಳಿ: 60 ಕಳೆದು 340ಕ್ಕೆ ಸುಂಕ ಅದೇ ಪ್ರಮಾಣದಲ್ಲಿ 18.70, ಎಚ್‌ಎಸ್‌ಟಿ 46.63, ಜೊತೆಗೆ 9.95. ಎಲ್ಲಾ ಸೇರಿ 75.28. ಕೊರಿಯರ್‌ನಲ್ಲಿ ಕಟ್ಟಿದ್ದು 133.36.

ಮೈಸೂರು ಪ್ರಧಾನ ಅಂಚೆ ಕಚೇರಿಯಲ್ಲಾಗಲಿ ಮಂಡ್ಯದಲ್ಲಾಗಲಿ ಇಂಟರ್‌ನ್ಯಾಷನಲ್ ಸ್ಪೀಡ್ ಪೋಸ್ಟ್, ಅಂದರೆ ಇಎಂಎಸ್, ಕೇಳಿ. ಬಾಕ್ಸನ್ನು ಅಂಟಿಸದೆ ತಗೊಂಡು ಹೋಗಿ, ಒಳಗೇನಿದೆ ಅಂತ ನೋಡಿಯೇ ತಗೋತಾರೆ. ಟೇಪ್, ಕತ್ತರಿ ನಿಮ್ಮ ಜೊತೆಗಿರಲಿ. ಗುರುತಿನ ಚೀಟಿಯ ಪ್ರತಿ, ಪಡೆಯೋರ ಫೋನ್ ನಂಬರ್, ಪೋಸ್ಟಲ್ ಕೋಡ್ ಬೇಕೇ ಬೇಕು.

ಇನ್ನು ಸಿಎನ್ 23, ಅಂದರೆ ಒಳಗೇನಿದೆ ಅಂತ ಕಸ್ಟಮ್ಸ್‌ಗೆ ತಿಳಿಸೋ ಅಂಚೆ ಫಾರಂ. ಇಡೀ ಪಾರ್ಸೆಲ್‌ನ ಹಣೆಬರಹ ಇರೋದು ಇದರಲ್ಲಿ. ಇದರ ವಿವರ ವಿಮಾನಕ್ಕಿಂತ ಮೊದಲೇ ಎಲೆಕ್ಟ್ರಾನಿಕ್ ಆಗಿ ಆ ದೇಶದ ಕಸ್ಟಮ್ಸ್‌ಗೆ ಹೋಗುತ್ತೆ. ‘ಬಟ್ಟೆ’, ‘ತಿಂಡಿ’, ‘ಮನೆ ಸಾಮಾನು’ ಅಂತ ಒಂದೇ ಸಾಲು ಬರೆದರೆ ಅಲ್ಲಿ ಬಾಕ್ಸ್ ತೆರೆದು ಅಧಿಕಾರಿ ತನ್ನ ಅಂದಾಜಿನ ಬೆಲೆ ಹಾಕ್ತಾರೆ, ಇಲ್ಲವೇ ತಡೆಹಿಡಿದು ಪತ್ರ ಬರೀತಾರೆ. ಬರೆಯಬೇಕಾದ್ದು ಹೀಗೆ (ಎಚ್‌ಎಸ್ ಅಂದರೆ ವಸ್ತುವಿನ ಕಸ್ಟಮ್ಸ್ ಸಂಕೇತ ಸಂಖ್ಯೆ): ‘ರೇಷ್ಮೆ ಸೀರೆ, ಹೊಲಿಗೆ ಇಲ್ಲದ್ದು, 1, ತೂಕ 0.6 ಕೆ.ಜಿ., ಬೆಲೆ ಇಷ್ಟು, ಎಚ್‌ಎಸ್ 5007 20, ಮೂಲ ದೇಶ ಭಾರತ’. ರವಿಕೆಯನ್ನು ಸೀರೆ ಜೊತೆ ಸೇರಿಸಬೇಡಿ. ಹೊಲಿದ ಮೇಲೆ ಅದು ಉಡುಪು, ರೇಷ್ಮೆಯದ್ದಾದರೆ 6206 10. ಊದುಬತ್ತಿ 3307 41, ಗಂಧದ ಸೋಪು 3401 11. ಮೊದಲ ಆರು ಅಂಕಿ ಎಲ್ಲಾ ದೇಶಕ್ಕೂ ಒಂದೇ, ಆಮೇಲಿನ ಅಂಕಿ ಆಯಾ ದೇಶದ್ದು. ಹಾಗಾಗಿ ಆರು ಅಂಕಿ ಬರೆದರೆ ಸಾಕು. ವರ್ಗದಲ್ಲಿ ‘ಗಿಫ್ಟ್’ ಚೌಕಕ್ಕೆ ಟಿಕ್ ಹಾಕಿ, ಒಳಗೆ ಕೈಬರಹದ ಒಂದು ಕಾರ್ಡ್ ಇಡಿ.

ಬೆಲೆ ಕಮ್ಮಿ ಬರೆಯೋ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಸೀರೆಯ ಮೇಲೆ ಬೆಲೆಚೀಟಿ, ಮಳಿಗೆಯ ಡಬ್ಬಿ ಎಲ್ಲಾ ಹಾಗೇ ಇರುತ್ತೆ, ಫಾರಂನಲ್ಲಿ 500 ರೂಪಾಯಿ! ಸಿಕ್ಕಿಬಿದ್ದರೆ ಪಾರ್ಸೆಲ್ ಅಲ್ಲೇ ನಿಲ್ಲುತ್ತೆ. ಕಳೆದುಹೋದರೆ ಪರಿಹಾರವೂ ಬರೆದಷ್ಟಕ್ಕೆ ಮಾತ್ರ.

ಬೇರೆ ದೇಶದವರಿಗೂ ಉಪಯೋಗ ಆಗಲಿ ಅಂತ ಉಡುಗೊರೆ ಮಿತಿ ಹೇಳ್ತೀನಿ: ಬ್ರಿಟನ್ 39 ಪೌಂಡ್, ಜರ್ಮನಿ ಸೇರಿ ಐರೋಪ್ಯ ಒಕ್ಕೂಟ 45 ಯೂರೊ. ಅಮೆರಿಕದಲ್ಲಿ 800 ಡಾಲರ್‌ವರೆಗಿನ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿತು, ಉಡುಗೊರೆಗೆ 100 ಡಾಲರ್ ಮಾತ್ರ ಉಳೀತು. ಭಾರತೀಯ ಅಂಚೆ ಆ ಆಗಸ್ಟ್‌ನಲ್ಲಿ ಅಮೆರಿಕದ ಪಾರ್ಸೆಲ್ ನಿಲ್ಲಿಸಿ ಅಕ್ಟೋಬರ್ 15ಕ್ಕೆ ಮತ್ತೆ ಶುರು ಮಾಡಿತು, ಈಗ ಸುಂಕವನ್ನು ಬುಕಿಂಗ್ ಸಮಯದಲ್ಲೇ ಕೌಂಟರ್‌ನಲ್ಲಿ ಕಟ್ಟಿಸಿಕೊಳ್ತಾರೆ. ಆ ದರ ಮತ್ತೆ ಮತ್ತೆ ಬದಲಾಗುತ್ತೆ, ಕಳಿಸೋ ದಿನ ಕೌಂಟರ್‌ನಲ್ಲಿ ಕೇಳಿಯೇ ಮುಂದುವರಿಯಿರಿ.

ತಿಂಡಿ ವಿಚಾರ ಒಂದು ಮಾತು. ಐರೋಪ್ಯ ಒಕ್ಕೂಟಕ್ಕೆ ಹಾಲಿನ ಪದಾರ್ಥ, ಮಾಂಸ ಎರಡೂ ನಿಷೇಧ. ತುಪ್ಪದ ಮೈಸೂರ್ ಪಾಕು, ಪೇಡ, ತುಪ್ಪದ ಡಬ್ಬಿ ಅಲ್ಲಿಗೆ ಹೋದರೆ ನಾಶ ಮಾಡಬಹುದು, ಜೊತೆಗಿದ್ದ ಸೀರೆಯೂ ವಾರಗಟ್ಟಲೆ ತಡ ಆಗಬಹುದು. ಸಿಹಿಯನ್ನೂ ಬಟ್ಟೆಯನ್ನೂ ಒಂದೇ ಬಾಕ್ಸ್‌ಗೆ ಹಾಕಲೇಬೇಡಿ. ಅಮೆರಿಕಕ್ಕಾದರೆ ಮನೇಲಿ ನೀವೇ ಮಾಡಿ ಉಡುಗೊರೆಯಾಗಿ ಕಳಿಸೋ ಪುಡಿಗೆ ಎಫ್‌ಡಿಎಗೆ, ಅಂದರೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಗೆ, ಪೂರ್ವಸೂಚನೆ ಕೊಡೋದು ಬೇಡ. ಅದನ್ನು ಫಾರಂನಲ್ಲಿ ‘ಮನೆಯಲ್ಲಿ ತಯಾರಿಸಿದ್ದು, ವೈಯಕ್ತಿಕ ಉಡುಗೊರೆ’ ಅಂತ ಸ್ಪಷ್ಟವಾಗಿ ಬರೆಯಿರಿ.

ಸರಸ್ವತಿಪುರಂ_ಮನೆ:

ಶಿಪ್ಪರ್ ಜಾಗದಲ್ಲಿ ಏಜೆನ್ಸಿ ಹೆಸರೇ ಇದೆ! ಬೆಲೆಯೂ ಒಂದೇ ಸಾಲಲ್ಲಿ ‘ಪರ್ಸನಲ್ ಎಫೆಕ್ಟ್ಸ್’ ಅಂತ. ಈಗ ಏನಾದರೂ ವಾಪಸ್ ಬರುತ್ತಾ? ಕೊರಿಯರ್‌ನಲ್ಲೇ ಕಳಿಸಬೇಕಾಗಿ ಬಂದರೆ ಬ್ರೋಕರೇಜ್ ತಪ್ಪಿಸೋದು ಹೇಗೆ? ಮಗಳು ಅಲ್ಲಿಂದ ಮೊಮ್ಮಗನ ಹಳೇ ಆಟಿಕೆ, ನಮಗೊಂದು ಬಿಪಿ ಮಷಿನ್ ಕಳಿಸ್ತೀನಿ ಅಂತಿದ್ದಾಳೆ. ಇಲ್ಲೂ ಹೀಗೇನಾ?

ಇನ್‌ವಾಯ್ಸ್_ಮೇಜು:

ತೆರಿಗೆಯ ಭಾಗ ವಾಪಸ್ ಕೇಳಬಹುದು. ಕೆನಡಾದಲ್ಲಿ ವೈಯಕ್ತಿಕ ಆಮದಿಗೆ ಬಿ2ಜಿ ಅನ್ನೋ ಫಾರಂ ಇದೆ. ಮಗಳು ಅದರ ಜೊತೆ ಬಿಲ್, ಇನ್‌ವಾಯ್ಸ್ ಪ್ರತಿ, ಸೀರೆ ಕೊಂಡ ರಸೀದಿ, ಕಳಿಸಿದ್ದು ತಾಯಿ ಅನ್ನೋದಕ್ಕೆ ನಿಮ್ಮ ಪತ್ರ ಲಗತ್ತಿಸಿ ಸಿಬಿಎಸ್‌ಎಗೆ ಕಳಿಸಲಿ. ಶಿಪ್ಪರ್ ಹೆಸರು ನಿಮ್ಮದಲ್ಲದ ಕಾರಣ ಗೆಲ್ಲುತ್ತೆ ಅನ್ನೋ ಭರವಸೆ ಕೊಡಲಾರೆ. ಬ್ರೋಕರೇಜ್ ಮಾತ್ರ ವಾಪಸ್ ಬರೋದಿಲ್ಲ, ಅದು ಆಗಿಹೋದ ಕೆಲಸದ ಕೂಲಿ.

ಬ್ರೋಕರೇಜ್ ತಪ್ಪಿಸಲು ಪಡೆಯೋರೇ ಕಸ್ಟಮ್ಸ್ ಬಿಡಿಸಿಕೊಳ್ಳಬಹುದು. ಟ್ರ್ಯಾಕಿಂಗ್ ನಂಬರ್ ಹುಟ್ಟಿದ ದಿನವೇ ಮಗಳು ಕೊರಿಯರ್‌ಗೆ ಲಿಖಿತವಾಗಿ ‘ನಾನೇ ಕ್ಲಿಯರ್ ಮಾಡ್ತೀನಿ’ ಅಂತ ತಿಳಿಸಬೇಕು. ಆಮೇಲೆ ಅವರಿಂದ ಸಾಗಣೆ ದಾಖಲೆ, ಇನ್‌ವಾಯ್ಸ್ ತಗೊಂಡು ಹತ್ತಿರದ ಸಿಬಿಎಸ್‌ಎ ಕಚೇರಿಗೆ ಹೋಗಿ ಸುಂಕ ಕಟ್ಟಿ, ಆ ರಸೀದಿ ತೋರಿಸಿ ಪಾರ್ಸೆಲ್ ತಗೋಬೇಕು. ಎಡವೋದು ಸಮಯದಲ್ಲಿ: ಕಡಿಮೆ ಮೌಲ್ಯದ ಪಾರ್ಸೆಲ್‌ಗಳನ್ನು ಕಂಪನಿ ವಿಮಾನ ಇಳಿಯೋ ಮೊದಲೇ ಬಿಡಿಸಿರುತ್ತೆ. ಡ್ರೈವರ್ ಬಾಗಿಲಿಗೆ ಬಂದಾಗ ಹೇಳಿದರೆ ಪ್ರಯೋಜನ ಇಲ್ಲ.

ಇಲ್ಲಿಗೆ ಬರೋದರ ಬಗ್ಗೆ: ಭಾರತದಲ್ಲಿ ಉಡುಗೊರೆಗೆ ಇದ್ದ 5,000 ರೂಪಾಯಿ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು. ರಾಖಿ ಮತ್ತು ಜೀವರಕ್ಷಕ ಔಷಧ ಬಿಟ್ಟು ಉಳಿದದ್ದಕ್ಕೆಲ್ಲಾ ಸುಂಕ ಕಟ್ಟಲೇಬೇಕು. ಲೆಕ್ಕ ಹಾಕೋ ರೀತಿ ನೋಡಿ. ಮಾಲು 10,000 ರೂಪಾಯಿ, ಮಗಳು ಕೊರಿಯರ್‌ಗೆ ಕೊಟ್ಟದ್ದು 6,000 ಅಂದುಕೊಳ್ಳಿ. ವಿಮಾನದಲ್ಲಿ ಬಂದದ್ದಕ್ಕೆ ಸಾಗಣೆ ವೆಚ್ಚವನ್ನು ಮಾಲಿನ ಬೆಲೆಯ ಶೇ. 20ಕ್ಕಿಂತ ಹೆಚ್ಚು ಸೇರಿಸೋ ಹಾಗಿಲ್ಲ, ಅಂದರೆ 2,000 ಮಾತ್ರ. ಪೂರ್ತಿ 6,000 ಸೇರಿಸಿದ್ದರೆ ಕೂಡಲೇ ಪ್ರಶ್ನಿಸಿ. ವಿಮೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಶೇ. 1.125, ಅಂದರೆ 112.50. ಒಟ್ಟು 12,112.50. ಮೂಲ ಸುಂಕ ಶೇ. 10, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಶೇ. 18 ಇರೋ ವಸ್ತು ಅಂತ ಉದಾಹರಣೆಗೆ ಇಟ್ಟುಕೊಂಡರೆ: ಸುಂಕ 1,211.25, ಅದರ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್ 121.13, ಈ ಮೂರೂ ಕೂಡಿದ 13,444.88ಕ್ಕೆ ಐಜಿಎಸ್‌ಟಿ 2,420.08. ಕಟ್ಟಬೇಕಾದ್ದು ಸುಮಾರು 3,752. ದರಗಳು ಬಜೆಟ್‌ನಲ್ಲಿ ಬದಲಾಗ್ತಾ ಇರ್ತವೆ, ಕ್ರಮ ಮಾತ್ರ ಇದೇ. ಕೊರಿಯರ್ ಆದರೆ ಇದರ ಮೇಲೆ ಅವರ ಶುಲ್ಕ, ಆ ಶುಲ್ಕಕ್ಕೆ ಶೇ. 18 ಜಿಎಸ್‌ಟಿ. ಕೆವೈಸಿಗೆ ಆಧಾರ್ ಕೇಳ್ತಾರೆ, ಪಾರ್ಸೆಲ್ ಮೇಲಿನ ಹೆಸರೂ ಆಧಾರ್‌ನ ಹೆಸರೂ ಒಂದೇ ಇರಲಿ. ‘ಅಜ್ಜಿ, ಮೈಸೂರು’ ಅಂತ ಪ್ರೀತಿಯಿಂದ ಬರೆದ ಬಾಕ್ಸ್ ಬಿಡಿಸಿಕೊಳ್ಳೋದು ಬಹಳ ಕಷ್ಟ. ಬಿಪಿ ಮಷಿನ್ ಇಲ್ಲೇ ಕೊಂಡುಕೊಳ್ಳಿ.

ಮಂಡ್ಯ_ಆಲೆಮನೆ:

ಮಾರಾಟಕ್ಕೆ ಕಳಿಸೋರಿಗೆ ನಾಲ್ಕು ಮಾತು ಸೇರಿಸ್ತೀನಿ. ಬೆಲ್ಲದ ಪುಡಿ, ಊದುಬತ್ತಿ ಕಳಿಸೋ ಎಷ್ಟೋ ಜನ ‘ಗಿಫ್ಟ್’ ಅಂತ ಬರೆದು ಕಳಿಸ್ತಾವ್ರೆ. ದುಡ್ಡು ತಗೊಂಡು ಕಳಿಸಿದ್ದು ಗಿಫ್ಟ್ ಅಲ್ಲ, ಬ್ಯಾಂಕಿಗೆ ಬಂದ ಡಾಲರ್‌ಗೆ ಲೆಕ್ಕ ಕೊಡಬೇಕಾಗುತ್ತೆ.

ಮೊದಲು ಐಇಸಿ, ಅಂದರೆ ಆಮದು-ರಫ್ತು ಸಂಕೇತ ಸಂಖ್ಯೆ, ಮಾಡಿಸಿ; ವಿದೇಶ ವ್ಯಾಪಾರ ಇಲಾಖೆಯ (ಡಿಜಿಎಫ್‌ಟಿ) ವೆಬ್‌ಸೈಟ್‌ನಲ್ಲಿ 500 ರೂಪಾಯಿ. ಏನೂ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಒಂದು ಸಲ ಅಪ್‌ಡೇಟ್ ಮಾಡಬೇಕು, ಮರೆತರೆ ನಿಷ್ಕ್ರಿಯ ಆಗುತ್ತೆ. ಜುಲೈನಲ್ಲಿ ಪಾರ್ಸೆಲ್ ನಿಂತಿತು ಅನ್ನೋರು ಮೊದಲು ಇದನ್ನೇ ನೋಡಿಕೊಳ್ಳಿ. ಜಿಎಸ್‌ಟಿ ಇದ್ದೋರು ಆರ್‌ಎಫ್‌ಡಿ-11 ಫಾರಂನಲ್ಲಿ ಎಲ್‌ಯುಟಿ (ರಫ್ತಿನ ಮುಚ್ಚಳಿಕೆ ಪತ್ರ) ಹಾಕಿದರೆ ಐಜಿಎಸ್‌ಟಿ ಕಟ್ಟದೆ ಕಳಿಸಬಹುದು. ಅಂಚೆಯ ಡಾಕ್ ಘರ್ ನಿರ್ಯಾತ್ ಕೇಂದ್ರ 2022ರಿಂದ ಇದೆ. ಅದರ ಪೋರ್ಟಲ್‌ನಲ್ಲಿ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ (ಅಂಚೆ ರಫ್ತಿನ ಕಸ್ಟಮ್ಸ್ ಫಾರಂ) ಮನೆಯಲ್ಲೇ ತುಂಬಿ ಲೇಬಲ್ ಪ್ರಿಂಟ್ ತೆಗೆದು ಕೊಟ್ಟರೆ ಆಯ್ತು, ಕಸ್ಟಮ್ಸ್ ಬ್ರೋಕರ್ ಹಿಡಿಯೋ ಅಗತ್ಯ ಇಲ್ಲ.

ಯುರೋಪಿಗೆ ಮಾರೋರು ಗಮನಿಸಿ. 2021ರ ಜುಲೈ 1ರಿಂದ ಅಲ್ಲಿ ಎಷ್ಟೇ ಸಣ್ಣ ಬೆಲೆಯ ಮಾಲಿಗೂ ವ್ಯಾಟ್ (ಅಲ್ಲಿನ ಮಾರಾಟ ತೆರಿಗೆ) ಇದೆ. 150 ಯೂರೊವರೆಗೆ ಐಒಎಸ್‌ಎಸ್ ಅನ್ನೋ ಅಲ್ಲಿನ ವ್ಯಾಟ್ ನೋಂದಣಿ ಮೂಲಕ ಗಿರಾಕಿಯಿಂದ ಮೊದಲೇ ವ್ಯಾಟ್ ತಗೋಬಹುದು. ಆ ನಂಬರನ್ನು ಬಾಕ್ಸ್ ಮೇಲೆ ಪೆನ್ನಲ್ಲಿ ಬರೆದು ಸುಮ್ಮನಾದರೆ ಕೆಲಸ ಆಗಲ್ಲ, ಎಲೆಕ್ಟ್ರಾನಿಕ್ ವಿವರದಲ್ಲೇ ಹೋಗಬೇಕು. ಇಲ್ಲದಿದ್ದರೆ ಗಿರಾಕಿ ಬಾಗಿಲಲ್ಲಿ ಎರಡನೇ ಸಲ ವ್ಯಾಟ್, ಮೇಲೆ ಅಂಚೆಯ ಶುಲ್ಕ, ಕೊನೆಗೆ ಪಾರ್ಸೆಲ್ ಬೇಡ ಅಂತ ವಾಪಸ್.

ಬೀಟೆ_ಮರ:

ಮೈಸೂರಿನ ಬೀಟೆ ಮರದ ಇನ್‌ಲೇ ಪಟ ಕಳಿಸೋರು ಇದನ್ನೂ ಓದಿ. ಬೀಟೆ, ಅಂದರೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, 2017ರ ಜನವರಿಯಿಂದ ಸೈಟಿಸ್, ಅಂದರೆ ಅಪಾಯದಲ್ಲಿರೋ ಜೀವಿಗಳ ವ್ಯಾಪಾರ ನಿಯಂತ್ರಿಸೋ ಅಂತರರಾಷ್ಟ್ರೀಯ ಒಪ್ಪಂದದ, ಎರಡನೇ ಅನುಬಂಧದಲ್ಲಿದೆ. 2019ರ ನವೆಂಬರ್‌ನಿಂದ 10 ಕೆ.ಜಿ.ವರೆಗಿನ ಸಿದ್ಧವಸ್ತುಗಳಿಗೆ ವಿನಾಯಿತಿ ಇದೆ, ಅದರ ಲಾಭ ಸಿಗಬೇಕಾದರೆ ಇನ್‌ವಾಯ್ಸ್‌ನಲ್ಲಿ ಮರದ ಹೆಸರು ಮತ್ತು ಮರದ ನಿವ್ವಳ ತೂಕ ಎರಡೂ ಇರಬೇಕು. ‘ವುಡನ್ ಫ್ರೇಮ್’ ಅಂತಷ್ಟೇ ಬರೆದರೆ ಪಾರ್ಸೆಲ್ ತಡೆಹಿಡೀಬಹುದು. ಎಚ್‌ಎಸ್ ಶೀರ್ಷಿಕೆ 4420.

ಮನೆಯಲ್ಲಿರುವ ತುಂಬಾ ಹಳೆಯ ಪಟ ಆದರೆ ಬೆಳಕಿಗೆ ಹಿಡಿದು ಬಿಳಿ ಭಾಗ ಪರೀಕ್ಷಿಸಿ. ಹಿಂದೆ ದಂತ ಕೂರಿಸ್ತಿದ್ದರು, ಈಗಿನದು ಪ್ಲಾಸ್ಟಿಕ್. ಸಣ್ಣ ಅಡ್ಡಗೆರೆಗಳು ಒಂದರ ಮೇಲೊಂದು ಹಾದುಹೋದ ಹಾಗೆ ಕಂಡರೆ ಅದು ದಂತ, ಅಂಥದ್ದನ್ನು ಯಾವ ದೇಶಕ್ಕೂ ಕಳಿಸಬೇಡಿ. ಗಂಧದ ಕೊರಡು, ಚಕ್ಕೆಗೂ ರಫ್ತು ನಿರ್ಬಂಧ ಇದೆ. ಸೋಪು, ಊದುಬತ್ತಿಗೆ ತೊಂದರೆ ಇಲ್ಲ.

ಸರಸ್ವತಿಪುರಂ_ಮನೆ:

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಬಿ2ಜಿ ಫಾರಂ ಮಗಳಿಗೆ ಹೇಳಿದ್ದೀನಿ, ಸೀರೆ ರಸೀದಿ ಸ್ಕ್ಯಾನ್ ಮಾಡಿ ಕಳಿಸ್ತಾ ಇದ್ದೀನಿ. ಸಂಕ್ರಾಂತಿ ಬಾಕ್ಸ್ ಅಂಚೆಯಲ್ಲಿ, ನನ್ನ ಹೆಸರಲ್ಲೇ, ಎಳ್ಳು-ಬೆಲ್ಲ ಬೇರೆ ಬಟ್ಟೆ ಬೇರೆ.