ಬೆಟ್ಟದ ಸೊಪ್ಪು ಇಷ್ಟು ವರ್ಷ ತಂದರೂ ಬೆಟ್ಟ ಯಾಕೆ ಬರಿದಾಗಿಲ್ಲ?

ತೋಟದ ಲೆಕ್ಕ:

ನಮ್ಮದು ಸಿದ್ದಾಪುರ ಕಡೆ ಒಂದೆಕರೆ ಅಡಿಕೆ ತೋಟ. ನಾನು ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಈ ವರ್ಷದಿಂದ ತೋಟದ ಖರ್ಚು ನನ್ನ ಕೈಗೆ ಬಂದಿದೆ. ಅಪ್ಪಯ್ಯ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸುವುದನ್ನೂ ಬಿಟ್ಟಿಲ್ಲ, ಹಸಿ ಸೊಪ್ಪು ಕಡಿಸುವುದನ್ನೂ ಬಿಟ್ಟಿಲ್ಲ. ಕೂಲಿ ನೋಡಿದರೆ ತಲೆ ತಿರುಗುತ್ತದೆ. ದನ ಮಾರಿ ಬಹಳ ಕಾಲವಾಯಿತು. ಹಾಗಾಗಿ ಸೊಪ್ಪು ಕೊಟ್ಟಿಗೆಗೆ ಹೋಗದೆ ಸೀದಾ ಮರದ ಬುಡಕ್ಕೆ ಹೋಗುತ್ತದೆ.

ಶಿಫಾರಸು ಪ್ರಕಾರ ಒಂದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕು. ಜೊತೆಗೆ 12 ಕಿಲೋ ಹಸಿ ಸೊಪ್ಪು, 12 ಕಿಲೋ ಗೊಬ್ಬರ. ನಮ್ಮ 550 ಮರಕ್ಕೆ ಸೊಪ್ಪೇ ಆರೂವರೆ ಟನ್ ದಾಟುತ್ತದೆ. ಪೊಟ್ಯಾಷ್ ಆದರೆ ಎರಡೂವರೆ ಚೀಲ ತಂದರೆ ಮುಗಿಯಿತು! ಚೀಲದ ಗೊಬ್ಬರ ಹಾಕಿ ಸೊಪ್ಪು ಬಿಟ್ಟರೆ ಏನಾಗುತ್ತದೆ?

ಇನ್ನೊಂದು ಅನುಮಾನ. ಮುತ್ತಜ್ಜನ ಕಾಲದಿಂದ ಅದೇ ಬೆಟ್ಟದಿಂದ ತರುತ್ತಿದ್ದೇವೆ. ಬೆಟ್ಟದ ಖಾತೆಯಲ್ಲಿ ಬರೀ ಖರ್ಚು, ಜಮಾ ಕಾಣುವುದೇ ಇಲ್ಲ. ಇಷ್ಟರಲ್ಲಿ ಅದು ದಿವಾಳಿ ಆಗಬೇಕಿತ್ತು ಅಲ್ವಾ?

ಮಣ್ಣಿನ ಮೇಷ್ಟ್ರು:

ಎರಡನೇ ಪ್ರಶ್ನೆ ಗಟ್ಟಿ ಇದೆ, ಅಲ್ಲಿಂದಲೇ ಶುರು ಮಾಡುತ್ತೇನೆ. ಮಣ್ಣು ಪರೀಕ್ಷೆ ಮಾಡಿಕೊಂಡೇ ನೌಕರಿ ಮುಗಿಸಿದವನು ನಾನು. ಈಗ ಶಿರಸಿ ಹತ್ತಿರ ನನ್ನದೂ ಒಂದು ತುಂಡು ತೋಟ ಇದೆ.

ನೀವು ಸೊಪ್ಪನ್ನು ಒಂದೇ ಖಾತೆಯಲ್ಲಿ ಬರೆದಿದ್ದೀರಿ ಮಾರಾಯ್ರೇ. ಅದರೊಳಗೆ ನಾಲ್ಕೈದು ಖಾತೆ ಇವೆ. ಒಂದೊಂದರ ಜಮಾ ಒಂದೊಂದು ಕಡೆಯಿಂದ. ಒಣಗಿದ ದರಕಿನ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಇಂಗಾಲ. ಅದು ಗಾಳಿಯಿಂದ ಬಂದದ್ದು. ಎಷ್ಟು ಗುಡಿಸಿದರೂ ಗಾಳಿ ಮತ್ತೆ ಕೊಡುತ್ತದೆ. ಬ್ರಸೆಲ್ಸ್‌ನ ವಾನ್ ಹೆಲ್ಮಾಂಟ್ ಎಂಬ ವೈದ್ಯ 17ನೇ ಶತಮಾನದಲ್ಲಿ ಕುಂಡದಲ್ಲಿ ವಿಲೋ ಗಿಡ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಗಿಡ 164 ಪೌಂಡ್ ತೂಕ ಏರಿತು. ಮಣ್ಣು ಇಳಿದದ್ದು 2 ಔನ್ಸ್ ಮಾತ್ರ. ಎಲ್ಲ ನೀರಿನಿಂದಲೇ ಬಂತು ಅಂತ ಅವನು ತೀರ್ಮಾನಿಸಿದ, ಗಾಳಿಯ ವಿಷಯ ಹೊಳೆಯಲಿಲ್ಲ. ಇರಲಿ. ನಿಮ್ಮ ಪ್ರಶ್ನೆ ಇರುವುದು ಆ 2 ಔನ್ಸ್ ಬಗ್ಗೆ.

ಸಾರಜನಕಕ್ಕೂ ಗಾಳಿಯೇ ಮೂಲ. ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ಇದ್ದರೂ ಮರ ಅದನ್ನು ಸೀದಾ ಹಿಡಿಯಲಾರದು. ಬೀಟೆ, ಹೊನ್ನೆಯಂಥ ಮರಗಳ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾ ಹಿಡಿದು ಕೊಡುತ್ತವೆ. ಸಿಡಿಲಿನಿಂದಲೂ ಒಂದಿಷ್ಟು ಬರುತ್ತದೆ. ಹಾಗಾಗಿ ಆ ಖಾತೆಗೂ ನಿಧಾನಕ್ಕೆ ಜಮಾ ಆಗುತ್ತಲೇ ಇರುತ್ತದೆ.

ರಂಜಕ ಹಾಗಲ್ಲ. ಅದು ಗಾಳಿಯಾಗಿ ಓಡಾಡುವ ವಸ್ತುವೇ ಅಲ್ಲ. ಕಲ್ಲು ಕರಗಿ ಬರಬೇಕು, ಇಲ್ಲವೇ ಧೂಳಿನ ಜೊತೆ ಒಂದು ಚಿಟಿಕೆ ಬರಬೇಕು. ಪೊಟ್ಯಾಷಿಗೂ ಕಲ್ಲೇ ಗತಿ. ಆಳಕ್ಕೆ ಬೇರು ಬಿಟ್ಟ ಮರ ಕೆಳಗಿನಿಂದ ಎತ್ತಿ ಎಲೆಗೆ ತರುತ್ತದೆ, ನಾವು ಆ ಎಲೆ ಒಯ್ಯುತ್ತೇವೆ. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದಲ್ಲಿ ಒಂದೆಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರಲಿಕ್ಕೆ ಅಂತಲೇ ಕಾಡು, ಬಿಟ್ಟುಕೊಟ್ಟಿದ್ದರು. ಅಷ್ಟು ಜಾಗದ ಮೇಲೆ ಹಂಚಿಹೋದರೆ ಹೊರೆ ಗೊತ್ತಾಗುವುದಿಲ್ಲ. ನಿಮ್ಮ ಬೆಟ್ಟ ಉಳಿದಿದ್ದರೆ ಕಾರಣ ಇದೇ. ಎಲ್ಲರದ್ದೂ ಉಳಿದಿಲ್ಲ ನೋಡಿ. ಊರಿಗೆ ತಾಗಿಕೊಂಡ ಎಷ್ಟೋ ಬೆಟ್ಟಗಳಲ್ಲಿ ಮರದ ತುದಿಗೆ ಮಾತ್ರ ಎಲೆ, ಬುಡದಲ್ಲಿ ಕರಡದ ಹುಲ್ಲು, ಅದರ ನಡುವೆ ಜಂಬಿಟ್ಟಿಗೆ ಕಲ್ಲು ಎದ್ದು ಕಾಣುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಎಲೆ ಉದುರಿಸುವ ಮೊದಲು ಮರ ಅದರಲ್ಲಿರುವ ಸಾರಜನಕ, ರಂಜಕದಲ್ಲಿ ಸುಮಾರು ಅರ್ಧ ವಾಪಸ್ ಎಳೆದುಕೊಳ್ಳುತ್ತದೆ. ಎಲೆ ಹಳದಿ ಆಗುವುದು ಆ ಹೊತ್ತಿಗೇ. ದರಕು ಗುಡಿಸಿದರೆ ಮರ ಬಿಟ್ಟುಕೊಟ್ಟದ್ದನ್ನು ತಂದಂತೆ. ಹಸಿ ಸೊಪ್ಪು ಕಡಿದರೆ ಅದು ವಾಪಸ್ ತೆಗೆದುಕೊಳ್ಳುವ ಮೊದಲೇ ಕಿತ್ತುಕೊಂಡಂತೆ. ಕೂಲಿ ಉಳಿಸಬೇಕು ಅಂದರೆ ಮೊದಲು ನಿಲ್ಲಿಸಬೇಕಾದ್ದು ಹಸಿ ಸೊಪ್ಪು ಕಡಿಯುವುದು.

ಈಗ ಚೀಲದ ವಿಷಯ. ನಮ್ಮದು ಹುಳಿ ಮಣ್ಣು, ವರ್ಷಕ್ಕೆ ಎರಡು ಮೂರು ಮೀಟರ್ ಮಳೆ. ಈ ಕೆಂಪು ಮಣ್ಣಿಗೆ ಪೊಟ್ಯಾಷ್ ಹಿಡಿದಿಟ್ಟುಕೊಳ್ಳುವ ಶಕ್ತಿ ಕಮ್ಮಿ. ಕೊಳೆತ ಸೊಪ್ಪಿನ ಕಪ್ಪು ಅಂಶ ಇದ್ದರೆ ಹಿಡಿಯುತ್ತದೆ, ಇಲ್ಲದಿದ್ದರೆ ಚೀಲದ ಪೊಟ್ಯಾಷ್ ಆಷಾಢದ ಮಳೆಗೆ ಬಸಿಗಾಲುವೆ ಸೇರುತ್ತದೆ. ರಂಜಕದ ಕಥೆ ಉಲ್ಟಾ. ಅದನ್ನು ಕಬ್ಬಿಣ, ಅಲ್ಯೂಮಿನಿಯಂ ಬಿಗಿಯಾಗಿ ಹಿಡಿದುಕೊಂಡು ಬೇರಿಗೆ ಸಿಗದ ಹಾಗೆ ಮಾಡುತ್ತವೆ. ಸೊಪ್ಪು ಕೊಳೆಯುವಾಗ ಹುಟ್ಟುವ ಆಮ್ಲಗಳು ಆ ಹಿಡಿತ ಸಡಿಲಿಸುತ್ತವೆ.

ದನ ಇಲ್ಲದ್ದು ದೊಡ್ಡ ನಷ್ಟ. ಬೆಟ್ಟದಲ್ಲಿ ಮೇದದ್ದರ ಪೊಟ್ಯಾಷ್ ಬಹುಪಾಲು ಗಂಜಳದಲ್ಲಿ ಹೊರಬರುತ್ತದೆ. ಕೊಟ್ಟಿಗೆಯಲ್ಲಿ ಹಾಸಿದ ಸೊಪ್ಪು ಅದನ್ನು ಹೀರಿ ಇಟ್ಟುಕೊಳ್ಳುತ್ತಿತ್ತು. ಬರೀ ದರಕನ್ನು ಮಣ್ಣಿನಲ್ಲಿ ಹುಗಿದರೆ, ಕೊಳೆಸುವ ಸೂಕ್ಷ್ಮಜೀವಿಗಳು ಮೊದಲು ಮಣ್ಣಿನ ಸಾರಜನಕವನ್ನೇ ತಿನ್ನುತ್ತವೆ. ಹುಗಿಯಬೇಡಿ, ಮೇಲೆ ಹರಡಿ.

ಕುಮಟಾ ಕಡೆಯವ:

ಮೇಷ್ಟ್ರು ಬಸಿಗಾಲುವೆಗೆ ತಂದು ಬಿಟ್ಟರು. ಅಲ್ಲಿಂದ ಮುಂದಿನದ್ದು ನಮ್ಮ ಪಾಲು!

ನಿಮ್ಮ ಕಡೆ ತೊಳೆದುಹೋದದ್ದು ಅಘನಾಶಿನಿಯಲ್ಲಿ ಇಳಿದು ನಮ್ಮ ಅಳಿವೆಗೆ ಬರುತ್ತದೆ. ಗಜನಿಯಲ್ಲಿ (ಅಳಿವೆ ಬದಿಯ ಉಪ್ಪುನೀರಿನ ಗದ್ದೆ) ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವವರು ಗೊಬ್ಬರ ಅಂತ ಹಾಕುತ್ತಿರಲಿಲ್ಲ. ಹೊಳೆ ಮತ್ತು ಉಬ್ಬರ ತಂದ ಕೆಸರೇ ಸಾಕಾಗುತ್ತಿತ್ತು. ಕಾಂಡ್ಲದ (ಮ್ಯಾಂಗ್ರೋವ್) ಎಲೆ ಕೊಳೆತು ಸಿಗಡಿಗೂ ಏಡಿಗೂ ಊಟ. ಬಳಚು ಅನ್ನುವ ಚಿಪ್ಪಿನ ಜೀವಿ ನೀರು ಸೋಸಿ ತಿನ್ನುತ್ತದೆ. ಆ ಚಿಪ್ಪು ಸುಟ್ಟ ಸುಣ್ಣ ಘಟ್ಟ ಹತ್ತಿ ನಿಮ್ಮಲ್ಲಿಗೇ ಬರುತ್ತಿತ್ತು. ಕವಳಕ್ಕೆ (ಎಲೆ-ಅಡಿಕೆಗೆ) ಅಲ್ಲದಿದ್ದರೆ ತೋಟಕ್ಕೆ.

ತಾರ್ಲೆ ಮೀನು ವಿಪರೀತ ಸಿಕ್ಕ ವರ್ಷ ಮರಳಿನ ಮೇಲೆ ಒಣಗಿಸಿ ತೆಂಗಿನ ಬುಡಕ್ಕೆ ಹಾಕುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದಳು. ಮೀನಿನ ಮುಳ್ಳಲ್ಲಿ ರಂಜಕ ಇದೆಯಲ್ವಾ ಮೇಷ್ಟ್ರೇ? ಹಾಗಾದರೆ ಕಡಲಿಗೆ ಹೋದದ್ದೂ ಒಂದಿಷ್ಟು ವಾಪಸ್ ಬಂದಂತಾಯಿತು.

ಮಣ್ಣಿನ ಮೇಷ್ಟ್ರು:

ಇದೆ, ಮೂಳೆ ಅಂದರೆ ಕ್ಯಾಲ್ಸಿಯಂ ಮತ್ತು ರಂಜಕವೇ. ಮೀನು ತಿನ್ನುವ ಹಕ್ಕಿಗಳೂ ಹಿಕ್ಕೆ ಹಾಕಿ ಒಂದಿಷ್ಟು ದಡಕ್ಕೆ ತರುತ್ತವೆ. ಆದರೆ ಹೋಗುವುದರ ಮುಂದೆ ಬರುವುದು ಬಹಳ ಕಮ್ಮಿ. ಉಳಿದದ್ದು ಕಡಲ ತಳ ಸೇರಿ ಕಲ್ಲಾಗಿ, ಆ ತಳ ಮೇಲೆದ್ದು ನೆಲವಾದಾಗ ವಾಪಸ್ ಬರಬೇಕು. ಅದಕ್ಕೆ ಕೋಟ್ಯಂತರ ವರ್ಷ. ಅಷ್ಟು ಕಾಯಲಾಗದೆ ಮೊರಾಕೋದಂಥ ದೇಶಗಳಿಂದ ರಂಜಕದ ಕಲ್ಲು ತರಿಸುತ್ತೇವೆ. ಬಳಚಿನ ಸುಣ್ಣದ ಕ್ಯಾಲ್ಸಿಯಂ ಮಾತ್ರ ಬಹುಪಾಲು ಸಮುದ್ರದ್ದೇ, ನಮ್ಮ ತೋಟದ್ದಲ್ಲ. ಅದರ ಮೇಲೆ ಹಕ್ಕು ಕೇಳುವುದಿಲ್ಲ.

ತೋಟದ ಲೆಕ್ಕ:

ಬಹಳ ಉಪಕಾರ ಆಯಿತು. ಹಾಗಾದರೆ ತೋಟದಿಂದ ಹೊರಗೆ ಹೋಗುವುದು ಅಡಿಕೆ ಒಂದೇ ಅಲ್ವಾ? ನಾವು ಹಸಿ ಅಡಿಕೆಯನ್ನೇ ತೂಕಕ್ಕೆ ಕೊಡುತ್ತೇವೆ. ಸುಲಿಯುವ ರಗಳೆ ಇಲ್ಲ. ಹಾಳೆ ತಟ್ಟೆ ಮಾಡುವವರು ಒಯ್ಯುತ್ತಾರೆ.

ಮಣ್ಣಿನ ಮೇಷ್ಟ್ರು:

ಅಲ್ಲೇ ಸೋರಿಕೆ. ಹಸಿ ಕಾಯಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆ. ಪೊಟ್ಯಾಷ್ ಅದರ ಜೊತೆಗೇ ಹೋಗುತ್ತದೆ. ಚನ್ನಗಿರಿ, ಭದ್ರಾವತಿ ಕಡೆ ರಸ್ತೆ ಬದಿ ಸಿಪ್ಪೆ ರಾಶಿ ಹಾಕಿ ಸುಡುವುದನ್ನು ನೋಡಿರಬಹುದು. ಸುಟ್ಟರೆ ಸಾರಜನಕ ಹೊಗೆಯಲ್ಲಿ ಹೋಗುತ್ತದೆ, ಬೂದಿಯಲ್ಲಿ ಉಳಿದ ಪೊಟ್ಯಾಷ್ ಚರಂಡಿ ಪಾಲು. ಆಮೇಲೆ ಅದೇ ಪೊಟ್ಯಾಷನ್ನು ನಾವು ಕೆನಡಾ, ರಷ್ಯಾದಿಂದ ಬಂದ ಚೀಲದಲ್ಲಿ ಕೊಳ್ಳುತ್ತೇವೆ. ಸಿಪ್ಪೆ ವಾಪಸ್ ಕೊಡುವ ಶರತ್ತಿನ ಮೇಲೆ ಅಡಿಕೆ ಕೊಡಿ. ಬೇಗ ಕೊಳೆಯುವುದಿಲ್ಲ, ಸಗಣಿ ಬಗ್ಗಡ ಹೊಯ್ದು ಒಂದು ಮಳೆಗಾಲ ಬಿಡಿ. ಸೋಗೆಯಂತೂ (ಮರದಿಂದ ಬಿದ್ದ ಗರಿ) ತೋಟದಲ್ಲೇ ಇರಲಿ.

ಒಳಗೆ ಬಂದು ಹೊರಗೆ ಹೋಗದ ವಸ್ತುವೂ ಒಂದಿದೆ, ಅದನ್ನೂ ಬರೆದುಕೊಳ್ಳಿ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತೇವಲ್ಲ, ಮೈಸೂರು ಸೀಮೆಯಲ್ಲಿ ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು 1910ರ ಸುಮಾರಿಗೆ ರೂಢಿಗೆ ತಂದದ್ದು. ಔಷಧಿ ಒಳ್ಳೆಯದೇ, ಬಿಡಲಾಗದು. ಆದರೆ ಮೈಲುತುತ್ತದ ತಾಮ್ರ ಕೊಳೆಯುವುದೂ ಇಲ್ಲ, ಗಾಳಿಗೆ ಹಾರುವುದೂ ಇಲ್ಲ. ವರ್ಷವರ್ಷ ಬುಡದ ಮಣ್ಣಿನಲ್ಲೇ ಕೂರುತ್ತದೆ. ಮುಂದಿನ ಸಲ ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಿ ಅಂತ ಹೇಳಿ.

ತೋಟದ ಲೆಕ್ಕ:

ಹೇಳುತ್ತೇನೆ. ಹಸಿ ಸೊಪ್ಪು ನಿಲ್ಲಿಸುವ ಮಾತು ಎತ್ತಿದರೆ ಅಪ್ಪಯ್ಯ ಸುಮ್ನೆ ಇರುವುದಿಲ್ಲ. ಅದರ ಬದಲಿಗೆ ಏನು ಕೊಡಲಿ?

ಮಣ್ಣಿನ ಮೇಷ್ಟ್ರು:

ಗ್ಲಿರಿಸಿಡಿಯಾ, ನಮ್ಮ ಕಡೆ ಗೊಬ್ಬರದ ಗಿಡ ಅಂತಾರೆ. ಬೇಲಿಗುಂಟ ಹಾಕಿ. ಸಾರಜನಕ ಗಾಳಿಯಿಂದಲೇ ಹಿಡಿಯುತ್ತದೆ, ಕಡಿದಷ್ಟೂ ಚಿಗುರುತ್ತದೆ. ಅಪ್ಪಯ್ಯನಿಗೆ ಕಡಿಸಲು ಹಸಿ ಸೊಪ್ಪು ಸಿಕ್ಕಿತು, ಬೆಟ್ಟದ ಮತ್ತಿ ಮರಕ್ಕೂ ಪುರಸೊತ್ತು. ಹೆಬ್ಬೆರಳಿಗಿಂತ ದಪ್ಪ ಇರುವ ಕೋಲು ಮಳೆ ಹಿಡಿಯುವ ಹೊತ್ತಿಗೆ ಊರಬೇಕು. ನಮ್ಮ ಬೇಲಿಯಲ್ಲಿ ಬೇಕಾದಷ್ಟು ಇವೆ, ಊರಿಗೆ ಬಂದಾಗ ಒಯ್ಯಿರಿ.