ಲಿಬರ್ಟಿ ಮೂರ್ತಿ ಎರಕ ಹೊಯ್ದು ಮಾಡಿದ್ದೇನ್ರಿ? ಬಾರ್ತೋಲ್ಡಿ ಬಗ್ಗೆ ಗೊತ್ತಿದ್ದಾವ್ರು ಹೇಳ್ರಿ

ಗದಗ ಡ್ರಾಯಿಂಗ್ ಮಾಸ್ತರ್:
ನಮಸ್ಕಾರ್ರಿ ಎಲ್ಲಾರಿಗೂ. ಹೋದ ವಾರ ಒಂಬತ್ತನೇ ಕ್ಲಾಸಿನ ಹುಡುಗರನ್ನ ಲಕ್ಕುಂಡಿಗೆ ಕರ್ಕೊಂಡ ಹೋಗಿದ್ದೆ, ಕಾಶಿವಿಶ್ವೇಶ್ವರ ಗುಡಿ ಬಾಗಿಲವಾಡದ ಮುಂದ ನಿಂತು ಒಬ್ಬಾಕಿ ಹುಡುಗಿ ಕೇಳಿದ್ಲು, ಸರ್ ಇದು ಬಳಪದ ಕಲ್ಲು, ಕಡದು ಮಾಡ್ಯಾರ, ಅಮೆರಿಕಾದ ಲಿಬರ್ಟಿ ಮೂರ್ತಿ ಅಷ್ಟ ಎತ್ತರ ಐತಿ, ಅದಕ್ಕ ಅಚ್ಚು ಎಲ್ಲಿ ಮಾಡಿದ್ರು, ಎರಕ ಹ್ಯಾಂಗ ಹೊಯ್ದ್ರು ಅಂತ. ನೋಡಿ ಹೇಳ್ತೀನಿ ಅಂದೀನಿ. ಮಾಡಿದಾಂವ ಫ್ರಾನ್ಸಿನ ಫ್ರೆಡರಿಕ್ ಓಗಸ್ಟ್ ಬಾರ್ತೋಲ್ಡಿ, 1834ರಾಗ ಹುಟ್ಟಿ 1904ರಾಗ ತೀರ್ಕೊಂಡ, ಅಷ್ಟ ಗೊತ್ತು ನನಗ. ಆ ಒಂದ ಮೂರ್ತಿ ಬಿಟ್ಟು ಬ್ಯಾರೆ ಏನ್ ಮಾಡ್ಯಾನ ಅನ್ನೋದೂ ಹೇಳ್ರಿ, ಹುಡುಗರಿಗೆ ಸರಿಯಾಗಿ ಹೇಳಬೇಕಾಗೈತಿ.

ಕಂಚಗಾರ ಗಲ್ಲಿ, ಹುಬ್ಬಳ್ಳಿ:
ಸರ್, ಎರಕ ಅಲ್ರಿ ಅದು, ಬಡದು ಮಾಡಿದ್ದು. ನಮ್ಮನ್ಯಾಗ ಅಜ್ಜನ ಕಾಲದಿಂದ ತಾಮ್ರ ಹಿತ್ತಾಳಿ ಕೆಲಸ, ದೇವರ ಮುಖವಾಡ ಮಾಡ್ತೀವಿ, ಅದಕ್ಕ ಇದು ನನಗ ಭಾಳ ಹತ್ರದ ವಿಷಯ. ತಗಡು ಕಾಸಿ ಮೆತ್ತಗ ಮಾಡ್ಕೊಂಡು ರಾಳದ ಮ್ಯಾಲ ಬೋರಲ ಹಾಕಿ ಹಿಂದಿನಿಂದ ಬಡಕೋತ ಹೋದ್ರ ಗಲ್ಲ ಉಬ್ಬತೈತಿ, ಆಮ್ಯಾಲ ತಿರುವಿ ಹಾಕಿ ಚಾಣದಿಂದ ಕಣ್ಣು ಹುಬ್ಬು ತಿದ್ದೋದು. ಬಡದಷ್ಟೂ ತಾಮ್ರ ಬಿರುಸಾಗತೈತಿ, ಮತ್ತ ಕಾಸಬೇಕು, ಅವಸರ ಮಾಡಿದ್ರ ಮೂಗಿನ ತುದಿಗೆ ಸೀಳಿಬಿಡತೈತಿ.

ಪ್ಯಾರಿಸ್‌ನ ಗಾಜೆ-ಗೋತಿಯೆ ಕಾರ್ಖಾನ್ಯಾಗ ನಡದದ್ದೂ ಇದೇ ಕೆಲಸಾರಿ, ರಾಳದ ಬದಲಿ ಅಲ್ಲಿ ಕಟಗಿ ಅಚ್ಚು. ಮೊದಲ ಸಣ್ಣ ಮಾದರಿ, ಅದನ್ನ ಹಂತ ಹಂತಕ್ಕ ಹಿಗ್ಗಿಸಿ ಕಾಲು ಅಳತಿಗೆ ತಂದ್ರು, ಅದರ ಒಂದೊಂದು ಭಾಗ ಅಳದು ನಾಲ್ಕು ಪಟ್ಟು ಮಾಡಿ ಕಟಗಿ ಪಟ್ಟಿ ಹೊಡದು ಪ್ಲಾಸ್ಟರ್ ಮೆತ್ತಿ ಪೂರ್ತಿ ಅಳತಿದು ಮಾಡಿ, ಅದರ ಮೈಗೆ ಕೂಡೋ ಹಂಗ ಕಟಗಿ ಅಚ್ಚು ಕಟ್ಟಿ, ಆ ಅಚ್ಚಿನೊಳಗ ತಗಡು ಇಟ್ಟು ಬಡದ್ರು. ಮೂರ್ತಿ ಎತ್ತರ 46 ಮೀಟರ್, ತಗಡಿನ ದಪ್ಪ ಬರೇ 2.4 ಮಿಲಿಮೀಟರ್! ನಾವು ಮುಖವಾಡಕ್ಕ ತಗೊಳ್ಳೋದು 22 ಗೇಜ್, ಮುಕ್ಕಾಲು ಮಿಲಿಮೀಟರೂ ಇರಂಗಿಲ್ಲ, ಅದಕ್ಕ ಇಷ್ಟ ತ್ರಾಸ್ ಐತಿ, ಆ ದಪ್ಪ ತಗಡಿನಾಗ ಸೀರಿ ನಿರಿಗಿಯಂಥ ಮಡಿಕಿ ಎಬ್ಬಸ್ಯಾರಲ್ಲ, ಆ ಕೆಲಸಗಾರರ ಕೈಗೆ ನಾ ಕೈ ಮುಗೀತೀನಿ.

ನವನಗರದಾಂವ:
ಹಂಗಂದ್ರ ಒಳಗ ಪೊಳ್ಳು. ಗಾಳಿಗೆ ನಿಲ್ಲೋದು ಗುಸ್ತಾವ್ ಐಫೆಲ್ ಮಾಡಿದ ಕಬ್ಬಿಣದ ಚೌಕಟ್ಟಿನ ಮ್ಯಾಲ. ತಗಡನ್ನ ಕಬ್ಬಿಣಕ್ಕ ಬಿಗಿಯಾಗಿ ಹೊಡದಿಲ್ಲ, ತಗಡಿನ ಹಿಂದಿರೋ ಕಬ್ಬಿಣದ ಪಟ್ಟಿ ತಾಮ್ರದ ಹಿಡಕಿಯೊಳಗ ಸರಿಯಾಕ ಜಾಗ ಬಿಟ್ಟಾರ, ಬಿಸಲಿಗೆ ತಾಮ್ರ ಹಿಗ್ಗಿದ್ರೂ ನಡೀತೈತಿ. ಒಂದ ತೊಂದ್ರಿ ಏನಂದ್ರ ತಾಮ್ರ ಕಬ್ಬಿಣ ಕೂಡಿದಲ್ಲಿ ಉಪ್ಪುಗಾಳಿ ಬಡದ್ರ ಕಬ್ಬಿಣ ತುಕ್ಕು ಹಿಡೀತೈತಿ, ನಡುವ ಹಾಕಿದ್ದ ಪದರ ಸವದು ಹಂಗೇ ಆತು, 1980ರ ದಶಕದಾಗ ಆ ಪಟ್ಟಿ ತಗದು ಸ್ಟೇನ್‌ಲೆಸ್ ಸ್ಟೀಲ್ ಹಾಕಿದ್ರು.

ಧಾರವಾಡ ಸಪ್ತಾಪುರ:
ಮಾಸ್ತರ, ಹುಡುಗರಿಗೆ ಬೆಲ್ಫೋರ್ ಸಿಂಹದ ಬಗ್ಗೆ ಹೇಳದ ಬಿಡಬ್ಯಾಡ್ರಿ. ನನ್ನ ಕೇಳಿದ್ರ ಬಾರ್ತೋಲ್ಡಿಯ ಜೀವ ಇರೋದು ಅದರಾಗ. ಅವಂದು ಫ್ರಾನ್ಸಿನ ಅಲ್ಸಾಸ್ ಸೀಮಿಯ ಕೋಲ್ಮಾರ್ ಊರು. ಎರಡು ವರ್ಷದಾಂವ ಇದ್ದಾಗ ಅಪ್ಪ ಹೋದ, ಅವ್ವ ಶಾರ್ಲೋತ್ ಬೆಳಸಿದ್ಲು, ಲಿಬರ್ಟಿಯ ಮುಖ ಅಕೀದs ಅಂತ ಅನ್ನಾವ್ರೂ ಇದ್ದಾರ. 1870ರಾಗ ಜರ್ಮನ್ ರಾಜ್ಯ ಪ್ರಶಿಯಾ ಜೋಡಿ ಫ್ರಾನ್ಸಿನ ಯುದ್ಧ ಶುರು ಆತು, ಇಂವ ಫ್ರಾನ್ಸಿನ ಪರ ಬಂದಿದ್ದ ಇಟಲಿಯ ಸೇನಾನಿ ಗ್ಯಾರಿಬಾಲ್ಡಿ ದಂಡಿನಾಗ ಸೇರಿದ, ಯುದ್ಧ ಸೋತು ಹುಟ್ಟಿದೂರು ಜರ್ಮನಿ ಪಾಲಾತು. ಅವ್ವ ಅಲ್ಲೇ ಇದ್ಲು, ಅವ್ವನ್ನ ನೋಡಬೇಕಂದ್ರ ಪರದೇಶಕ್ಕ ಹೋಗಬೇಕು, ವಿಚಾರ ಮಾಡ್ರಿ.

ಬೆಲ್ಫೋರ್ ಊರು ಮಾತ್ರ 103 ದಿನ ಮುತ್ತಿಗಿ ತಡಕೊಂಡು ಫ್ರಾನ್ಸಿನೊಳಗs ಉಳೀತು. ಅದರ ಕೋಟಿ ಕೆಳಗ ಬಂಡಿಗಲ್ಲಿಗೆ ಆನಿಸಿ ಕೆಂಪು ಮರಳುಗಲ್ಲಿನಾಗ 22 ಮೀಟರ್ ಉದ್ದ 11 ಮೀಟರ್ ಎತ್ತರದ ಸಿಂಹ ನಿಲ್ಲಿಸಿದ, 1880ಕ್ಕ ಮುಗೀತು. ಗೆದ್ದ ಸಿಂಹ ಅಲ್ಲ ಅದು. ಹಿಂದಿನ ಮೈ ಇನ್ನೂ ನೆಲಕ್ಕ ಅದ, ಮುಂಗಾಲು ಊರಿ ಎದಿ ಎತ್ತಿ ಏಳಾಕ ಹತ್ಯದ, ಕಾಲ ಕೆಳಗ ಒಂದು ಬಾಣ. ಇಲ್ಲೆ ಹುಬ್ಬಳ್ಳಿ ಸರ್ಕಲ್‌ನಾಗ ಕುದರಿ ಮ್ಯಾಲ ಚೆನ್ನಮ್ಮನ್ನ ನೋಡಿದಾಗೆಲ್ಲಾ ನನಗ ಆ ಸಿಂಹ ನೆನಪಾಗ್ತದ, ಕಿತ್ತೂರೂ ಸೋತದ್ದs ಅಲ್ಲೇನು.

ಇನ್ನೊಂದು. ಲಿಬರ್ಟಿಗಿಂತ ಮೊದಲs 1869ರಾಗ ಸುಯೆಜ್ ಕಾಲುವಿ ಬಾಯಿಗೆ ದೀಪ ಹಿಡಿದ ಈಜಿಪ್ಟಿನ ಒಕ್ಕಲಗಿತ್ತಿ ಮೂರ್ತಿ ಮಾಡ್ತೀನಿ ಅಂತ ಅಲ್ಲಿ ಆಳಾವ ಖೆದಿವ್ ಇಸ್ಮಾಯಿಲ್ ಹತ್ರ ಹೋಗಿದ್ದ, ಅದು ಕೂಡಿ ಬರಲಿಲ್ಲ. ಲಿಬರ್ಟಿಗೂ ಅದಕ್ಕೂ ಸಂಬಂಧ ಇಲ್ಲಂತ ಆಮ್ಯಾಲ ತಾನs ಹೇಳ್ಯಾನ, ಆದ್ರ ಎರಡೂ ಚಿತ್ರ ಬಾಜೂಕ ಇಟ್ಟು ನೋಡಿದ್ರ ನಾ ಅಂತೂ ಒಪ್ಪೂದಿಲ್ಲ.

ಗದಗ ಡ್ರಾಯಿಂಗ್ ಮಾಸ್ತರ್:
ಭಾಳ ಉಪಕಾರ ಆತ್ರಿ ಎಲ್ಲಾರದೂ. ಆ ಹುಡುಗಿ ಎರಡು ಸಲ ಕೇಳ್ಯಾಳ, ನಾಳೆನೇ ಹೇಳ್ತೀನಿ. ಸಿಂಹದ ಚಿತ್ರ ಬೋರ್ಡಿನ ಮ್ಯಾಲ ದೊಡ್ಡದಾಗಿ ಬರೀತೀನಿ. ಕಂಚಗಾರ ಗಲ್ಲಿಯವ್ರ, ತಗಡು ಬಡಿಯೋದನ್ನ ಹುಡುಗರಿಗೆ ತೋರಿಸಾಕ ಆಗತೈತೇನ್ರಿ?

ಕಂಚಗಾರ ಗಲ್ಲಿ, ಹುಬ್ಬಳ್ಳಿ:
ಅವಶ್ಯ ಕರ್ಕೊಂಡ ಬರ್ರಿ ಸರ್. ಮುಂಜಾನೆ ಹತ್ತರೊಳಗ ಬಂದ್ರ ಚಲೋ, ಆಮ್ಯಾಲ ಗಿರಾಕಿ ಇರ್ತಾವ. 22 ಗೇಜಿಂದು ಒಂದು ತುಂಡು, ದಪ್ಪಂದು ಒಂದು ತುಂಡು ಕಾಸಿ ಇಟ್ಟಿರ್ತೀನಿ, ಎರಡಕ್ಕೂ ಹುಡುಗರು ತಾವs ಸುತ್ತಿಗಿ ಹಾಕ್ಲಿ. ಆ ಹುಡುಗಿ ಮೊದಲ.